ಆರಾಮ ಕುರ್ಚಿಯ ಕುಂಬಳಕಾಯಿ

ನಂಬಿಕೆ ಇರುವವರ ಮಡಿಗಿಂತ ಇಲ್ಲದವರ ಮಡಿಯೇ ಹೆಚ್ಚು ಕಟ್ಟುನಿಟ್ಟು ಎಂಬುದು ನನಗೆ ಇತ್ತೀಚೆಗೆ ಒಂದು ಕುಂಬಳಕಾಯಿಯಿಂದ ಗೊತ್ತಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಬೆಕ್ಕು ಅಡ್ಡ ಬಂದರೆ ನಿಲ್ಲುವುದಿಲ್ಲ. ಗ್ರಹಣದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಚಕ್ಕುಲಿ ತಿನ್ನುತ್ತೇನೆ. ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಗಂಡಸಿನ ಕೈಯಿಂದಲೇ ಬೀಳಬೇಕು, ಹೆಂಗಸರು ಹಾಕಬಾರದು ಎಂಬ ನಮ್ಮ ಕಡೆಯ ಕ್ರಮವನ್ನಂತೂ ಕ್ಲಾಸಿನಲ್ಲಿ ಎಷ್ಟು ಸಲ ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. "ಹಿಡಿದ ಕೈ ಗಂಡಸಿನದ್ದಾ ಹೆಂಗಸಿನದ್ದಾ ಎಂದು ಕತ್ತಿಗೆ ಗೊತ್ತಾಗುತ್ತದಾ ಮಕ್ಕಳೇ?" ಎಂದು ಕೇಳಿ, ಅವರು ನಗುವವರೆಗೂ ಕಾದು ನಿಲ್ಲುತ್ತಿದ್ದೆ. ಹೀಗಿದ್ದ ನಾನು ಹೆಚ್ಚುಕಡಿಮೆ ಆರು ತಿಂಗಳು ಒಂದು ಕುಂಬಳಕಾಯಿಗೆ ಕತ್ತಿ ತಾಗಿಸದೆ, ಬೇರೆಯವರಿಗೂ ತಾಗಿಸಲು ಬಿಡದೆ ಕಾದು ಕೂತೆ. ಈ ಸಂಗತಿಯನ್ನು ನಮ್ಮ ಶಾಲೆಯ ಮಕ್ಕಳಿಗೆ ಮಾತ್ರ ಯಾರೂ ಹೇಳಬಾರದು.

ನಮ್ಮ ಮನೆ ಶಿರ್ವದಲ್ಲಿ. ಇವರು, ಅಂದರೆ ನಮ್ಮ ಮನೆಯವರು, ಮಸ್ಕತ್ತಿನ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ಒಟ್ಟಿಗೆ ಇದ್ದ ದಿನಗಳನ್ನೆಲ್ಲ ಕೂಡಿಸಿದರೆ ಎರಡು ವರ್ಷ ದಾಟುವುದು ಸಂಶಯ. ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲ್ಲಿನಲ್ಲಿ ಇದ್ದು ಓದುತ್ತಾಳೆ. ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಅಂಗಳದಲ್ಲಿ ಕೆಸರಾಗಬಾರದು ಎಂದು ಇವರು ಒಂದು ರಜೆಯಲ್ಲಿ ಇಡೀ ಅಂಗಳಕ್ಕೆ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್ ಹಾಕಿಸಿ ಹೋಗಿದ್ದರು. ಮಣ್ಣು ಅಂತ ಉಳಿದದ್ದು ಬಾವಿಕಟ್ಟೆಗೂ ಕಂಪೌಂಡ್ ಗೋಡೆಗೂ ನಡುವೆ, ಒಂದು ಚಾಪೆ ಬಿಡಿಸುವಷ್ಟು ಜಾಗ. ಹಾಗಿರುವಾಗ ಹೋದ ವರ್ಷದ ರಜೆಯಲ್ಲಿ ಇದೇ ಮನುಷ್ಯ ಅಲ್ಲಿನ ಸೂಪರ್ ಮಾರ್ಕೆಟಿನಿಂದ ದೈತ್ಯ ಕುಂಬಳಕಾಯಿಯ ಬೀಜದ ಪ್ಯಾಕೆಟ್ ತಂದರು. ಪ್ಯಾಕೆಟಿನ ಮೇಲೆ ಕುಂಬಳಕಾಯಿಯ ಮೇಲೆ ಕಾಲು ಇಳಿಬಿಟ್ಟು ಕೂತ ಒಂದು ಮಗುವಿನ ಚಿತ್ರ. "ಸುಜಾತಾ, ಇದನ್ನು ಬೆಳೆಸು. ಏಪ್ರಿಲ್‌ನಲ್ಲಿ ಬರುತ್ತೇನಲ್ವಾ, ಮೊದಲ ಕತ್ತಿ ನನ್ನದೇ," ಎಂದು ಹೇಳಿ ವಿಮಾನ ಹತ್ತಿದರು.

ಡಿಸೆಂಬರಿನಲ್ಲಿ ಬಿತ್ತಿದೆ. ಪಕ್ಕದ ಮನೆಯ ಲಿಲ್ಲಿಬಾಯಿ ಅವರ ತೋಟದಿಂದ ಸುಡುಮಣ್ಣು, ಹಟ್ಟಿಯಿಂದ ಗೊಬ್ಬರ ಬಂತು. ಉಚ್ಚಿಲದಿಂದ ಬರುವ ಮೀನಿನ ರಿಕ್ಷಾದಲ್ಲಿ ಬಂಗುಡೆ ಕೊಂಡ ದಿನ, ತೊಳೆದ ನೀರೆಲ್ಲ ಬುಡಕ್ಕೆ. ಬಳ್ಳಿಗೆ ಇಂಟರ್‌ಲಾಕಿನ ಮೇಲೆ ಯಾವ ಗೌರವವೂ ಇರಲಿಲ್ಲ. ಒಂದೇ ತಿಂಗಳಲ್ಲಿ ಅಂಗಳ ದಾಟಿ ಗೇಟಿನವರೆಗೆ ಹೋಗಿ, ಪೋಸ್ಟಿನವರು ಬಳ್ಳಿ ದಾಟಲು ಚಪ್ಪಲಿ ಕಳಚುವ ಹಾಗಾಯಿತು. ಹೂವೂ ಬಿಟ್ಟಿತು. ಆದರೆ ದುಂಬಿಗಳಿಲ್ಲ. ಬೆಳಿಗ್ಗೆ ಆರೂವರೆಗೆ ಗಂಡು ಹೂವಿನ ದಳ ಕಿತ್ತು, ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

"ಎಂತ ಮಾಡ್ತಾ ಇದ್ದಿ ಮಾರಾಯ್ತಿ, ಬಗ್ಗಿಕೊಂಡು?" ಅತ್ತೆ ಚಾ ಲೋಟ ಹಿಡಿದು ಜಗಲಿಯಿಂದ ಕೇಳಿದರು.

"ಮದುವೆ ಮಾಡಿಸ್ತಾ ಇದ್ದೇನೆ ಅತ್ತೆ, ಹೂವುಗಳಿಗೆ."

"ಒಳ್ಳೆಯದು. ನಿನ್ನ ಗಂಡ ಅಲ್ಲಿ, ನೀನು ಇಲ್ಲಿ. ಹೂವುಗಳಾದರೂ ಸಂಸಾರ ಮಾಡಲಿ."

ಅತ್ತೆಯ ಮಾತೇ ಹಾಗೆ, ನಗಬೇಕೋ ಅಳಬೇಕೋ ಎಂದು ಯೋಚಿಸುವಷ್ಟರಲ್ಲಿ ಅವರು ಚಾ ಮುಗಿಸಿ ಒಳಗೆ ಹೋಗಿರುತ್ತಾರೆ. ಕಾಯಿ ದೊಡ್ಡದಾಗಬೇಕಾದರೆ ಬಳ್ಳಿಯಲ್ಲಿ ಒಂದನ್ನೇ ಉಳಿಸಬೇಕಂತೆ. ಮಿಕ್ಕ ಮಿಡಿಗಳನ್ನು ಕಿತ್ತು ಪಲ್ಯ ಮಾಡಿದೆ, ಗಂಡು ಹೂವುಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದೆ. ಉಳಿದ ಒಂದೇ ಒಂದು ಕಾಯಿ ದಿನದಿಂದ ದಿನಕ್ಕೆ ಉಬ್ಬಿತು. ಪ್ರತಿ ಸಂಜೆ ವಿಡಿಯೋ ಕಾಲಿನಲ್ಲಿ ಇವರು, "ಊಟ ಆಯ್ತಾ? ಕೆಂಬುಡೆ ತೋರಿಸು," ಎನ್ನುವರು. ಕೆಂಬುಡೆ ಅಂದರೆ ನಮ್ಮ ತುಳುವಿನಲ್ಲಿ ಸಿಹಿಗುಂಬಳ. ಫೋನ್ ಅತ್ತ ತಿರುಗಿಸಿದರೆ ಐದು ನಿಮಿಷ ಅದನ್ನೇ ನೋಡುವರು. ನಾನು ಹೊಸ ಸೀರೆ ಉಟ್ಟ ದಿನವೂ ಕ್ಯಾಮರಾ ಕುಂಬಳಕಾಯಿಯ ಕಡೆಗೇ. ಒಂದು ತರಕಾರಿಯ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ಶಿರ್ವದಲ್ಲಿ ನಾನೊಬ್ಬಳೇ ಇರಬೇಕು.

ಮಾರ್ಚ್ ಕೊನೆಗೆ ತೊಟ್ಟು ಒಣಗಿತು. ರಿಕ್ಷಾದ ಸದಾನಂದ ಮತ್ತು ಲಿಲ್ಲಿಬಾಯಿ ಸೇರಿ ಗೋಣಿಯ ಮೇಲೆ ಉರುಳಿಸಿ ಒಳಗೆ ತಂದರು. ಸದಾನಂದ ಮೊದಲು ತಾನು, ಆಮೇಲೆ ಅದನ್ನು ಎತ್ತಿಕೊಂಡು ತೂಕದ ಯಂತ್ರ ಹತ್ತಿದ. ಕಳೆದು ನೋಡಿದರೆ ನಲವತ್ತೊಂದು ಕಿಲೋ. ಮಳೆಗಾಲಕ್ಕೆಂದು ಸೌತೆಕಾಯಿ, ಕುಂಬಳಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಿಸುವುದು ಹಿಂದಿನವರ ಕ್ರಮ. ಇದನ್ನು ತೂಗಿಸಿದರೆ ಮಾಡೇ ಕೆಳಗೆ ಬರುತ್ತದೆ, ಅಲ್ಲದೆ ನಮ್ಮದು ಕಾಂಕ್ರೀಟು. ತಣ್ಣಗೆ, ಗಾಳಿಯಾಡುವ ಜಾಗ ಅಂತ ಇದ್ದದ್ದು ಚಾವಡಿಯಲ್ಲಿ ಇವರ ಆರಾಮ ಕುರ್ಚಿ ಒಂದೇ. ಬೈಹುಲ್ಲಿನ ಸಿಂಬಿ ಸುತ್ತಿ, ಅದರ ಮೇಲೆ ಕೂರಿಸಿದೆವು. ಆ ಕುರ್ಚಿಯಲ್ಲಿ ಇವರಿಲ್ಲದಾಗ ಯಾರೂ ಕೂರುವುದಿಲ್ಲ. ಶಾಲೆಯಿಂದ ಬಂದು ಬಾಗಿಲು ತೆಗೆದಾಗ ಅಲ್ಲಿ ಯಾರೋ ಕೂತಂತೆ ಕಂಡು, ಮೊದಲ ನಾಲ್ಕು ದಿನ ನನ್ನ ಎದೆ ಸುಮ್ಮನೆ ಹಾರಿತು.

ಏಪ್ರಿಲ್ ರಜೆ ಜೂನಿಗೆ ಹೋಯಿತು. ಬದಲಿ ಜನ ಬಾರದೆ ಬಿಡುವುದಿಲ್ಲವಂತೆ. ಇಲ್ಲಿಂದ ನನ್ನ ಹೊಸ ಅವತಾರ ಶುರು. ಅತ್ತೆ ಕ್ರಮ ಬಿಡದವರು, ಆದರೆ ಕ್ರಮದಲ್ಲಿ ದಾರಿಯೂ ಉಂಟು ಎಂದು ತಿಳಿದವರು. "ಯಾವ ಗಂಡಸಾದರೂ ಆಗ್ತದೆ. ಸದಾನಂದ ಗ್ಯಾಸ್ ತರ್ತಾನಲ್ಲ, ಒಂದು ಗೀಟು ಎಳೀಲಿ, ಉಳಿದದ್ದು ನಾನು ಮಾಡ್ತೇನೆ," ಎಂದರು. ನಾನು, "ಹಾಗೆಲ್ಲ ಯಾರ್ಯಾರೋ ಹಾಕಬಾರದು ಅತ್ತೆ, ಮನೆಯ ಯಜಮಾನರೇ ಹಾಕಬೇಕು," ಎಂದೆ. ಅಂಥ ಶಾಸ್ತ್ರ ಎಲ್ಲೂ ಇಲ್ಲ. ಆ ಕ್ಷಣಕ್ಕೆ ನಾನೇ ಮಾಡಿದ್ದು. ಅತ್ತೆ ನನ್ನನ್ನೇ ನೋಡಿದರು. ಲಿಲ್ಲಿಬಾಯಿ ಗೋಡೆಯ ಆಚೆಯಿಂದ, "ಟೀಚರ್, ನಮಗೆ ಕ್ರಿಶ್ಚಿಯನರಿಗೆ ಆ ಲೆಕ್ಕ ಎಲ್ಲ ಇಲ್ಲ. ಕೊಡಿ, ನಾನೇ ತುಂಡು ಮಾಡ್ತೇನೆ, ಅರ್ಧ ನನಗೆ," ಎಂದು ಕತ್ತಿ ಸಮೇತ ಬಂದರು. ಅವರನ್ನು ಚಾ ಕೊಟ್ಟು ಕಳಿಸಿದೆ. "ವಿಜ್ಞಾನ ಟೀಚರ್ ಅಂತೆ," ಎಂದು ಅವರು ಗೇಟಿನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು.

ಜೂನಿನ ರಜೆಯೂ ರದ್ದಾಯಿತು. ಆ ಸಂಜೆ ಇವರು ಕುಂಬಳಕಾಯಿ ತೋರಿಸು ಎನ್ನಲಿಲ್ಲ. ಫೋನಿನಲ್ಲಿ ಮುಖ ಸಣ್ಣಗಾಗಿತ್ತು. "ಸುಮ್ಮನೆ ಹಾಳಾಗ್ತದೆ. ನೀವು ಕೊಯ್ದು ತಿನ್ನಿ," ಎಂದರು. ಮರುದಿನ ನಾನು ಸುಳ್ಳು ಹೇಳಿದೆ. ಸದಾನಂದನ ಕೈಯಲ್ಲಿ ಕೊಯ್ಯಿಸಿದೆ, ಪಾಯಸ ಮಾಡಿದೆವು, ಭಾರಿ ಸಿಹಿ, ಬೀಜ ಒಣಗಿಸಿ ಇಟ್ಟಿದ್ದೇನೆ. ಬರಲಾಗದ ಬೇಸರದ ಜತೆಗೆ ಕಾಯುತ್ತಿರುವ ನನ್ನನ್ನೂ ಅವರು ಹೊರಬೇಕಾ ಎಂದು ಅನಿಸಿತ್ತು. "ಒಳ್ಳೆಯದಾಯ್ತು," ಎಂದರು. ಆಮೇಲೆ ಮೂರು ತಿಂಗಳು ವಿಡಿಯೋ ಕಾಲಿನಲ್ಲಿ ಕುರ್ಚಿ ಕಾಣದ ಹಾಗೆ ನಾನು ಬೆನ್ನು ಗೋಡೆಗೆ ಒತ್ತಿ ಕೂತೆ. ಹೊರಗೆ ಧೋ ಎಂದು ಮಳೆ. ಶಾಲೆಯಿಂದ ಬಂದು ಅದನ್ನು ಒಣ ಬಟ್ಟೆಯಲ್ಲಿ ಒರೆಸಿ, ಬೆರಳಿನಿಂದ ತಟ್ಟಿ, ಬೂಸಲು ಬಂದಿದೆಯಾ ಎಂದು ನೋಡಿ, ಆಮೇಲೆ ಕೈಕಾಲು ತೊಳೆಯುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಯಾವ ಶಾಸ್ತ್ರವೂ ಬೇಕಾಗಿರಲಿಲ್ಲ, ಪಾಯಸವೂ ಬೇಕಾಗಿರಲಿಲ್ಲ. ಇವರು ಬೇಕಾಗಿತ್ತು. ಕುಂಬಳಕಾಯಿ ಇಡಿಯಾಗಿ ಇರುವವರೆಗೆ ಬರುತ್ತಾರೆ ಎಂಬ ಮಾತೂ ಇಡಿಯಾಗಿ ಇರುತ್ತದೆ ಎಂದು ಯಾವುದೋ ಮೂಲೆಯಲ್ಲಿ ನಂಬಿದ್ದೆ.

ಚೌತಿಗೆ ಎರಡು ದಿನ ಇರುವಾಗ, "ನಾಳೆ ಬರ್ತಾ ಇದ್ದೇನೆ," ಎಂದು ಫೋನು ಬಂತು. ಖುಷಿಯಿಂದ ಕುಣಿಯುವುದು ಬಿಟ್ಟು ನಾನು ನಲವತ್ತೊಂದು ಕಿಲೋ ಎಲ್ಲಿ ಅಡಗಿಸುವುದು ಎಂದು ಮನೆಯಿಡೀ ತಿರುಗಿದೆ. ಮಂಚದ ಕೆಳಗೆ ಹಿಡಿಸಲಿಲ್ಲ. ಕೊನೆಗೆ ಹೂವಿನ ಬೆಡ್‌ಶೀಟ್ ಹೊದೆಸಿದೆ. ಮಂಗಳೂರಿನಿಂದ ಬಂದವರು ಚೀಲ ಇಟ್ಟು, ಅತ್ತೆಯ ಕಾಲು ಮುಟ್ಟಿ, ನೇರ ತಮ್ಮ ಕುರ್ಚಿಗೇ ಹೋದರು. ಹೊದಿಕೆ ಎತ್ತಿದರು.

"ಇದು ಎಂತ?"

"ಇದು ಬೇರೆ," ಎಂದೆ.

"ಬಳ್ಳಿಗೆ ಒಂದೇ ಕಾಯಿ ಬಿಟ್ಟದ್ದು ಅಂದಿದ್ದಿ."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅತ್ತೆ ಒಳಗಿನಿಂದ ಕತ್ತಿ ತಂದು ಮಗನ ಕೈಗೆ ಕೊಟ್ಟು, "ಸ್ನಾನ ಆಮೇಲೆ ಮಾಡು. ಮೊದಲು ಇದನ್ನು ಕುರ್ಚಿಯಿಂದ ಎಬ್ಬಿಸು ಮಾರಾಯ," ಎಂದರು.

ನೆಲಕ್ಕೆ ಇಳಿಸಿ, ಕತ್ತಿ ಹಾಕಿ, ಎರಡು ಹೋಳು ಮಾಡಿದರು. ಹೊರಗೆ ಸಿಪ್ಪೆ ಗಟ್ಟಿಯಾಗಿಯೇ ಇತ್ತು. ಒಳಗೆ ಬೀಜಗಳೆಲ್ಲ ಮೊಳಕೆಯೊಡೆದು, ಬಿಳಿ ದಂಟುಗಳು ಕತ್ತಲೆಯಲ್ಲಿ ಒಂದರ ಮೇಲೊಂದು ಸುತ್ತಿಕೊಂಡು, ಎಲೆ ಬಿಡಿಸಲು ಜಾಗ ಸಿಗದೆ ಮಡಚಿಕೊಂಡಿದ್ದವು. ತುಂಬ ದಿನ ಇಟ್ಟ ಹಣ್ಣಿನಲ್ಲಿ ಹೀಗಾಗುತ್ತದೆ, ಅದಕ್ಕೆ ಕಾರಣ ಉಂಟು, ನಾನೇ ಪಾಠ ಮಾಡುತ್ತೇನೆ. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಇವರು ಒಂದು ಮೊಳಕೆಯನ್ನು ಮೆಲ್ಲಗೆ ಬಿಡಿಸಿ, "ಒಣಗಿಸಿಟ್ಟ ಬೀಜ ಇದೇಯಾ?" ಎಂದು ಕೇಳಿದರು. ನಗಲು ಹೊರಟವರ ಸ್ವರ ನಡುವೆಯೇ ಒಡೆಯಿತು. ನಾನು ಪಾತ್ರೆ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಪಾತ್ರೆ ಇಲ್ಲದೆ ವಾಪಸು ಬಂದೆ.

ತಿರುಳು ಬರೀ ನಾರು. ಎರಡು ಅಚ್ಚು ಬೆಲ್ಲ ಹಾಕಿದರೂ ಪಾಯಸ ಸಪ್ಪೆ. ಇವರು ಎರಡನೆಯ ಲೋಟಕ್ಕೆ ಕೈ ಚಾಚಿ, "ನೀನು ಫೋನಿನಲ್ಲಿ ಹೇಳಿದ ಹಾಗೆಯೇ ಉಂಟು. ಭಾರಿ ಸಿಹಿ," ಎಂದರು. ಅತ್ತೆ ನಕ್ಕು ನಕ್ಕು ಕೆಮ್ಮಿದರು.

ರಜೆ ಇಪ್ಪತ್ತೆಂಟೇ ದಿನ. ಹೋಗುವ ಮುಂಚೆ, ಕೆಸರು ಕಂಡರಾಗದ ಈ ಮನುಷ್ಯ ಅಂಗಳದಿಂದ ತಾವೇ ಎರಡು ಸಾಲು ಇಂಟರ್‌ಲಾಕ್ ಕಿತ್ತು, ಆ ಮೊಳಕೆಗಳಲ್ಲಿ ಉಳಿಸಿಕೊಂಡಿದ್ದ ಒಂದು ಸಸಿಯನ್ನು ಅಲ್ಲಿ ನೆಟ್ಟರು. "ಈ ಸಲ ನನಗೆ ಕಾಯಬೇಡ ಸುಜಾತಾ. ಬೆಳೆದ ಕೂಡಲೇ ನೀನೇ ಕೊಯ್ದುಬಿಡು," ಎಂದರು. "ಆಯ್ತು, ನನಗೆಂತ?" ಎಂದೆ.

ಈಗ ಬಳ್ಳಿಯಲ್ಲಿ ಮುಷ್ಟಿಯಷ್ಟು ಒಂದು ಮಿಡಿ ನಿಂತಿದೆ. ಮೊನ್ನೆ ಲಿಲ್ಲಿಬಾಯಿ ಗೋಡೆಯ ಮೇಲಿಂದ ಅದನ್ನು ನೋಡಿ, "ಈ ಸಲ ನಾನೇ ಕೊಯ್ಯಲಾ ಟೀಚರ್?" ಎಂದು ಕೇಳಿದರು. "ಧಾರಾಳ ಕೊಯ್ಯಿರಿ. ನನಗೆ ಅಂಥ ನಂಬಿಕೆ ಎಲ್ಲ ಇಲ್ಲ ಅಂತ ನಿಮಗೆ ಗೊತ್ತಲ್ಲ," ಎಂದು ಹೇಳಿ ಒಳಗೆ ಬಂದೆ. ಬಂದವಳು ಚಾವಡಿಯಲ್ಲಿ ಬೈಹುಲ್ಲು ಹರಡಿಕೊಂಡು, ಕುರ್ಚಿಗೆ ಹೊಸ ಸಿಂಬಿ ಸುತ್ತಲು ಕುಳಿತೆ.