ಆರು ಪ್ರಶ್ನಾರ್ಥಕ ಚಿಹ್ನೆಗಳು

ಈ ಸಂಗತಿಯನ್ನು ಹೇಳುವುದನ್ನು ನಾನು ಬಹಳ ದಿನದಿಂದ ಮುಂದೂಡುತ್ತ ಬಂದಿದ್ದೇನೆ. ಯುಗಾದಿ ಮುಗಿಯಲಿ ಎಂದೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಎಂದೆ, ಅದನ್ನೂ ತೆಗೆಸಿಯಾಯಿತು. ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. ನಾನು ಹೈಸ್ಕೂಲು ಓದಿದವನು. ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ ಜಾಬ್ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೆ. ಮೊದಲು ಟೈಪ್‌ರೈಟರು, ಆಮೇಲೆ ಕಂಪ್ಯೂಟರು, ಕೊನೆಗೆ ಮಂಡಿನೋವು, ಬಾಗಿಲು ಬಂದ್. ಹೇಳಬೇಕಾದ ವಿಷಯಕ್ಕೆ ನೇರವಾಗಿ ಬರಲಾರೆ, ಆದ್ದರಿಂದ ಕಂಪ್ಯೂಟರಿನಿಂದಲೇ ಶುರುಮಾಡುತ್ತೇನೆ.

ಹೋದ ವರ್ಷ ನನ್ನ ಹೆಂಡತಿ ಗಿರಿಜಮ್ಮನಿಗೆ ಬಲಗೈಗೆ ಸಣ್ಣದಾಗಿ ಲಕ್ವ ಹೊಡೆಯಿತು. ಪುಣ್ಯಕ್ಕೆ ಕೈ ವಾಪಸು ಬಂತು, ಬೆರಳುಗಳು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಬೆರಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. "ಅಕ್ಕಿ ಆರ್ಸಿ ಆರ್ಸಿ ಸಾಕಾಗೇತೆ, ನಿಮ್ ಟೈಪಿಂಗ್‌ನಾದ್ರೂ ಕಲಿಸ್ರಿ" ಎಂದಳು ಇವಳು. ಕಲಿಸಿದೆ. ದಿನಾ ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕೂತು, ಇವತ್ತು ಏನು ಅಡುಗೆ, ಯಾರು ಬಂದಿದ್ದರು, ನಾನು ಏನೇನು ಎಡವಟ್ಟು ಮಾಡಿದೆ ಎಂದು ಬರೆಯುತ್ತಾಳೆ. ಮೂರನೆಯದಕ್ಕೇ ಸಾಲುಗಳು ಜಾಸ್ತಿ. ಆದರೆ ಆ ಕನ್ನಡ ಟೈಪಿಂಗ್ ಪ್ರೋಗ್ರಾಂ ತೆರೆಯಬೇಕಾದರೆ ಮೌಸನ್ನು ಒಂದೇ ಜಾಗದಲ್ಲಿ ಬೇಗಬೇಗ ಎರಡು ಸಲ ಒತ್ತಬೇಕು. ಇವಳ ಬೆರಳು ಒಂದು ಸಲ ಇಲ್ಲಿ ಒತ್ತುತ್ತದೆ, ನಡುಗುತ್ತದೆ, ಇನ್ನೊಂದು ಸಲ ಮತ್ತೆಲ್ಲೋ ಒತ್ತುತ್ತದೆ. ಪ್ರತಿಸಲವೂ ನನ್ನನ್ನು ಕೂಗಬೇಕು. ಹಾಗೆ ಕೂಗುವಾಗ ಅವಳ ಮುಖ ಸಣ್ಣದಾಗುವುದನ್ನು ನೋಡಲಾರದೆ ಮಾತು ಕೊಟ್ಟುಬಿಟ್ಟೆ: "ಒಂದೇ ಒಂದು ಕೀ ಒತ್ತಿದರೆ ತೆರೆಯೋ ಹಂಗೆ ಮಾಡಿಕೊಡ್ತೀನಿ."

ಇಂಥದ್ದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಕಂಪ್ಯೂಟರಿಗೆ ಬರೆದಿಡುವ ಚೀಟಿ ಎಂದುಕೊಳ್ಳಿ. 'ಎಫ್ ಎರಡು ಒತ್ತಿದರೆ ಇಂಥ ಫೋಲ್ಡರಿಗೆ ಹೋಗು, ಇಂಥ ಪ್ರೋಗ್ರಾಂ ತೆರೆ.' ಬರೀ ಒಂದು ಸಾಲು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ಮೊದಲ ದಿನ ಎಫ್ ಎರಡು ಒತ್ತಿದರೆ ಏನೂ ಆಗಲಿಲ್ಲ. ಚೀಟಿಯ ಹೆಸರಿನ ಬಾಲಕ್ಕೆ ನನಗೆ ಕಾಣದ ಹಾಗೆ '.txt' ಎಂಬ ಇನ್ನೊಂದು ಬಾಲ ಅಂಟಿಕೊಂಡು, ಕಂಪ್ಯೂಟರು ಅದನ್ನು ಸಾಮಾನ್ಯ ಕಾಗದ ಎಂದುಕೊಂಡು ಸುಮ್ಮನಿತ್ತಂತೆ. ಅದು ತಿಳಿಯುವುದಕ್ಕೆ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನದಲ್ಲಿ ಮೊದಲು ಕರೆಂಟನ್ನು ಬೈದೆ, ಆಮೇಲೆ ಲ್ಯಾಪ್‌ಟಾಪ್ ಮಾರಿದವನನ್ನು, ಕಡೆಗೆ ಗಿರಿಜಮ್ಮನನ್ನು. "ನೀನು ಒದ್ದೆ ಬಟ್ಟೇಲಿ ಕೀಬೋರ್ಡ್ ಒರೆಸಿದ್ದಕ್ಕೇ ಹಿಂಗಾಗಿದ್ದು."

"ಒರೆಸಿದ್ದು ಟೀವಿನ, ಮಾರಾಯ್ರೇ. ನಿಮ್ ಪ್ರೋಗ್ರಾಮೂ ನಿಮ್ಮಂಗೇ, ಮೂರ್ ಸಲ ಕೂಗಿದ್ರೂ ಏಳಲ್ಲ."

ಐದನೇ ದಿನ ಬಾಲ ಕತ್ತರಿಸಿದೆ. ಎಫ್ ಎರಡು ಒತ್ತಿದೆ. ಈ ಸಲ ಒಂದು ಪೆಟ್ಟಿಗೆ ತೆರೆದುಕೊಂಡಿತು. ಅದರೊಳಗೆ, ನೀವು ಹೇಳಿದ ಜಾಗ ಸಿಗುತ್ತಿಲ್ಲ ಎಂದು ಬರೆದು, ಫೋಲ್ಡರಿನ ಹೆಸರು ಇರಬೇಕಾದ ಕಡೆ ಆರು ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದವು. ನಾನು ಕನ್ನಡದಲ್ಲಿ ಸರಿಯಾಗಿಯೇ ಹೊಡೆದಿದ್ದ ಹೆಸರು, ಸೇವ್ ಮಾಡಿ ಉಳಿಸುವಾಗ ಅಕ್ಷರವೆಲ್ಲ ಹಾರಿಹೋಗಿ ??????.

ಅದು ಒಬ್ಬರ ಹೆಸರು. ಹಳೆಯ ಅಂಗಡಿಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಹಾಗೆಹಾಗೆಯೇ ಈ ಲ್ಯಾಪ್‌ಟಾಪಿಗೆ ತುಂಬಿಸಿಕೊಂಡಿದ್ದೆ. ಟೈಪಿಂಗ್ ಪ್ರೋಗ್ರಾಂ ಇದ್ದದ್ದು ಆಗ ನನ್ನಲ್ಲಿ ಕೆಲಸಕ್ಕಿದ್ದ ಆಪರೇಟರ್ ತನ್ನ ಹೆಸರಿಟ್ಟು ಮಾಡಿಕೊಂಡ ಫೋಲ್ಡರಿನಲ್ಲಿ. ಸವಳಂಗದಿಂದ ದಿನಾ ಮೊದಲನೇ ಬಸ್ಸಿಗೆ ಬರುತ್ತಿದ್ದ ಹುಡುಗಿ. ನಾನು ಒಂದು ಪುಟ ಹೊಡೆಯುವಷ್ಟರಲ್ಲಿ ಮೂರು ಪುಟ ಹೊಡೆದು, ನನ್ನ ಪುಟವನ್ನೂ ತಿದ್ದುತ್ತಿದ್ದಳು.

ಒಮ್ಮೆ ತ್ಯಾವಣಿಗೆಯ ಒಂದು ಮನೆಯವರ ಲಗ್ನಪತ್ರಿಕೆ ಬಂತು. ಅವಳು ಹೊಡೆದಳು. ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ದಾವಣಗೆರೆಯ ಪ್ರೆಸ್ಸಿಗೆ ಹೊರಟವನು ನಾನು. "ಸರ್, ಫಾಂಟೂ ಹಾಕ್ಕೊಂಡು ಹೋಗ್ರಿ, ಇಲ್ಲಾಂದ್ರೆ ಅಲ್ಲಿ ಅಕ್ಷರ ಹಾಳಾಗ್ತಾವೆ" ಎಂದಿದ್ದಳು. ಫಾಂಟ್ ಎಂದರೆ ಅಕ್ಷರದ ಅಚ್ಚು. ನಾನು ಮರೆತೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಉದುರಿಹೋದವು. ಕನ್ನಡಕ ಮನೆಯಲ್ಲಿ ಬಿಟ್ಟುಬಂದಿದ್ದ ನಾನು ಪ್ರೂಫಿಗೆ ಗಂಭೀರವಾಗಿ ಸಹಿ ಹಾಕಿದೆ. ಪತ್ರಿಕೆ ಅಚ್ಚಾಗಿ ಬಂದಾಗ ಚಿಕ್ಕಪ್ಪ 'ಚಿಕಪ'ನಾಗಿದ್ದ, ದೊಡ್ಡಮ್ಮ 'ದೊಡಮ'ಳಾಗಿದ್ದಳು, ಆಶೀರ್ವದಿಸುವ ಅಜ್ಜ 'ಅಜ'ನಾಗಿದ್ದ. ಮದುಮಗಳ ಸೋದರಮಾವ ಕನ್ನಡ ಮೇಷ್ಟ್ರು, ಅದೊಂದು ಗ್ರಹಚಾರ. ಅಂಗಡಿ ತುಂಬ ಜನರಿದ್ದಾಗ ಬಂದು ಪತ್ರಿಕೆಯನ್ನು ಟೇಬಲ್ಲಿಗೆ ಕುಕ್ಕಿದರು. "ಅಜ ಅಂದ್ರೆ ಏನು ಗೊತ್ತೇನ್ರೀ? ಆಡು! ನಮ್ಮಪ್ಪ ಏನು ಮದುವೆ ಮನೆಗೆ ಸೊಪ್ಪು ಮೇಯಾಕೆ ಬರ್ತಾನೇನ್ರೀ?"

ಜನ ನಕ್ಕರು. ಆ ನಗು ನನ್ನ ಮೇಲೆ ಬೀಳುವ ಮೊದಲು ನಾನು ಅವಳ ಕಡೆ ಬೆರಳು ತೋರಿಸಿದೆ. "ಹೊಡೆದಿದ್ದು ಈ ಹುಡುಗಿ ಸ್ವಾಮಿ, ನೋಡಿ ಹೊಡಿ ಅಂದ್ರೆ ಕೇಳಲ್ಲ."

ಅವಳು ಎದ್ದು ನಿಂತಳು. "ಸರ್, ನಾನು ಸರಿಯಾಗೇ ಹೊಡ್ದೀನ್ರಿ. ನಮ್ ಕಂಪ್ಯೂಟರ್‌ನಾಗೆ ಐತೆ, ಒಂದ್ಸಲ ತೆಗ್ದು ನೋಡ್ರಿ."

"ನೋಡೋದೇನು ಬಂತು, ಕೈಯಾಗೇ ಐತಲ್ಲ" ಎಂದೆ. ಮಾರನೆಯ ದಿನದಿಂದ ಅವಳು ಬರಲಿಲ್ಲ. ಆದರೆ ಅವಳು ಹೋದ ಸಂಜೆಯೇ ನಾನು ಫೈಲು ತೆಗೆದು ನೋಡಿದ್ದೆ. ಒಂದೊಂದು ಒತ್ತೂ ತನ್ನ ತನ್ನ ಅಕ್ಷರದ ಕೆಳಗೆ ಅಚ್ಚುಕಟ್ಟಾಗಿ ಕೂತಿತ್ತು. ತಪ್ಪು ಯಾರದೆಂದು ನನಗೆ ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ಗಿರಿಜಮ್ಮನಿಗೂ ಹೇಳುತ್ತ ಬಂದಿದ್ದೇನೆ. ಗೊತ್ತಿತ್ತು. ನಾನು ಮುಂದೂಡುತ್ತ ಬಂದದ್ದು ಇದನ್ನು.

ಈಗ ಆ ಫೋಲ್ಡರಿಗೆ ಇಂಗ್ಲಿಷಿನಲ್ಲಿ ಬೇರೆ ಹೆಸರು ಕೊಟ್ಟಿದ್ದರೆ ಕೆಲಸ ಆಗಿಬಿಡುತ್ತಿತ್ತು. ಅವಳ ಹೆಸರನ್ನು ಅಲ್ಲಿಂದಲೂ ಅಳಿಸಲು ಕೈ ಬರಲಿಲ್ಲ. ಅವಳು ನ್ಯಾಮತಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಾಳೆ ಎಂದು ನನಗೆ ಗೊತ್ತಿತ್ತು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಬಸ್ಸಿನಲ್ಲಿ ಅವಳ ಅಂಗಡಿ ಕಾಣದ ಆಚೆ ಬದಿಯ ಸೀಟು ಹುಡುಕುತ್ತಿದ್ದವನು ನಾನು. ಆವತ್ತು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಈಚೆ ಬದಿಯಲ್ಲಿ ಕೂತೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದೆ: 'ತಪ್ಪು ನನ್ನದಮ್ಮ.'

"ಸರ್! ಬರ್ರಿ, ಬರ್ರಿ, ಕುತ್ಕೊಳ್ರಿ. ಬಾಳ ಇಳಿದ್ ಹೋಗೀರಲ್ರೀ!" ತಲೆಯಲ್ಲಿ ನಾಲ್ಕು ಬಿಳಿಕೂದಲು, ದನಿ ಅದೇ. ನನಗೆ ಬಾಯಿಪಾಠ ಮರೆತುಹೋಯಿತು. ಲ್ಯಾಪ್‌ಟಾಪ್ ತೆರೆದು, "ಪ್ರೋಗ್ರಾಂ ಏಳ್ತಾ ಇಲ್ಲಮ್ಮ" ಎಂದೆ.

ಅವಳು ಎಫ್ ಎರಡು ಒತ್ತಿದಳು. ಪೆಟ್ಟಿಗೆ ಬಂತು. "ಇದೇನ್ ಸರ್, ಪ್ರಶ್ನೆ ಸಾಲಾಗಿ ನಿಂತಾವೆ! ಇದ್ರಾಗೆ ಯಾವ ಹೆಸರು ಹೊಡೆದಿದ್ರಿ?"

"ನಿಂದೇ" ಎಂದೆ.

ಅವಳು ನಗುವುದನ್ನು ನಿಲ್ಲಿಸಿದಳು. ಚೀಟಿ ತೆರೆದಳು, ಹೆಸರನ್ನು ಮತ್ತೆ ಹೊಡೆದಳು, ಉಳಿಸುವಾಗ ಕೆಳಗೆ ಮೂಲೆಯಲ್ಲಿ ಏನನ್ನೋ ಬದಲಾಯಿಸಿದಳು. ಕನ್ನಡ ಉಳಿಯಬೇಕಾದರೆ ಅದನ್ನು ಆರಿಸಿಕೊಳ್ಳಬೇಕಂತೆ. ಎಫ್ ಎರಡು ಒತ್ತಿದಳು. ಪ್ರೋಗ್ರಾಂ ಎದ್ದಿತು. ಪರದೆಯ ಮೇಲೇ ಕಣ್ಣಿಟ್ಟು ಮೆಲ್ಲಗೆ ಹೇಳಿದಳು: "ಹೆಸರು ಸರಿಯಾಗೇ ಹೊಡ್ದೀರಿ ಸರ್. ಉಳ್ಸಾಕೆ ಹೋದಾಗ ಹಾಳಾಗೇತೆ. ಹೊಡೆದೋರ ತಪ್ಪಲ್ಲ ಬಿಡ್ರಿ."

ಆ ಮಾತು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಇನ್ನು ಸಿಗುವುದಿಲ್ಲ ಎಂದು ಗೊತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಟೀ ಬಂತು. ಕುಡಿದೆ. "ಟೀ ಚೆನ್ನಾಗೈತಮ್ಮ" ಎಂದು ಹೇಳಿ ಬಸ್ಸು ಹತ್ತಿದೆ.

ಮನೆಯಲ್ಲಿ ಗಿರಿಜಮ್ಮ ನಡುಗುವ ಬೆರಳಿನಿಂದ ಎಫ್ ಎರಡು ಒತ್ತಿದಳು. "ಎದ್ದಿತು ಕಣ್ರೀ!" ಎಂದು ನಾಲ್ಕು ಸಲ ಮುಚ್ಚಿ ನಾಲ್ಕು ಸಲ ತೆರೆದಳು. ನನ್ನನ್ನು ಕೂಗಲಿಲ್ಲ. ಆಮೇಲೆ ಕೇಳಿದಳು, "ಆಯಮ್ಮಂಗೆ ಹೇಳಿದ್ರಾ?"

"ಏನನ್ನ?"

"ಏನನ್ನ ಅಂತ ನನ್ನೇ ಕೇಳ್ತೀರಾ? ನಂಗೊತ್ತಿಲ್ಲ ಅಂದ್ಕಂಡೀರಾ?"

ನಾನು ಟೀ ವಿಷಯ ಹೇಳಿದೆ. ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದಳು. "ಬಾಯಾಗೆ ಬರಲ್ಲ ಅಂದ್ರೆ ಬೆರಳಾಗೆ ಬರೀರಿ. ನಿಮ್ ಬೆರಳು ಗಟ್ಟಿ ಅದಾವಲ್ಲ."

ಬೇರೆಯವರಿಗಾಗಿ ಎಷ್ಟೋ ಕ್ಷಮಾಪಣೆ ಪತ್ರ ಹೊಡೆದುಕೊಟ್ಟ ಕೈ ಇದು. 'ಇವರಿಂದ' ಎಂದು ಹಾಕಿ ನನ್ನ ಹೆಸರು ಹೊಡೆದೆ. 'ಇವರಿಗೆ' ಎಂದು ಹಾಕಿ ಕೂತೆ. ಮೊದಲು ವಿಷಯ ಬರೆದು ಹೆಸರನ್ನು ಆಮೇಲೆ ತುಂಬಿದರಾಯಿತು ಎಂದು ಶುರುಮಾಡಿದ್ದು, ನೀವು ಈಗ ಓದಿದಷ್ಟು ಉದ್ದವಾಯಿತು. ಮೇಲೆ ಬರಬೇಕಾದ ಅವಳ ಹೆಸರು ಕೆಳಗೆ ಬಂದಿದೆ. ಜೀವನವಿಡೀ ಟೈಪು ಮಾಡಿದವನಿಗೆ ಒಂದು ಪತ್ರದ ನಮೂನೆ ಬರಲಿಲ್ಲ. ಇದನ್ನಾದರೂ ಇನ್ನೊಬ್ಬರ ತಪ್ಪು ಎನ್ನದೆ ತುಂಬುತ್ತಿದ್ದೇನೆ.

ಇವರಿಗೆ,
ಹಾಲಮ್ಮ, ನ್ಯಾಮತಿ.