ರೊಟ್ಟಿ ಗಾಡಿಯ ಮುಂದಿನ ಪಾಟಾ

"ರೊಟ್ಟಿ ಬಡದಷ್ಟು ಸರಳ ಅಲ್ರಿ ವೈನಿ, ಗಾಡಿ ಬಿಚ್ಚೂದು. ನಿಮ್ಮ ಕೈಲೆ ಆಗೂದಿಲ್ಲ" ಎಂದವನು ನನ್ನ ಮೈದುನ. ಇಂಡಿಯಲ್ಲಿ ಅವನದೊಂದು ಕಿರಾಣಿ ಅಂಗಡಿ. ಅಲ್ಲಿ ಸಾಮಾನಿಗಿಂತ ಅಭಿಪ್ರಾಯ ಹೆಚ್ಚು ಸಿಗುತ್ತಿತ್ತು. ನಾನು ಅಕ್ಷರ ಕಲಿಯುತ್ತೇನೆ ಎಂದಾಗ ಆಗೂದಿಲ್ಲ ಎಂದಿದ್ದ. ಯಜಮಾನರು ತೀರಿಕೊಂಡ ಮೇಲೆ ಸಿಂದಗಿಯಲ್ಲೇ ಇದ್ದು ರೊಟ್ಟಿ ಮಾರುತ್ತೇನೆ ಎಂದಾಗಲೂ ಅದನ್ನೇ ಅಂದ. ರೊಟ್ಟಿಯ ದುಡ್ಡಿನಲ್ಲಿ ಹಳೆಯ ವಿಲಾಯತಿ ಕಾರು ಕೊಂಡಾಗ ಮಾತ್ರ ಏನೂ ಅನ್ನಲಿಲ್ಲ, ನಕ್ಕ. ಅವನು ಆಗೂದಿಲ್ಲ ಎಂದದ್ದೆಲ್ಲ ಇಲ್ಲಿಯವರೆಗೆ ಆಗುತ್ತಲೇ ಬಂದಿದೆ. ಹೀಗಾಗಿ ಅವನು ಬಾಯಿ ತೆರೆದರೆ ನನಗೆ ಶುಭಶಕುನ.

ಹಳೇ ಕಾರು, ಹಳೇ ಅತ್ತೆ, ಸಲಹೆ ಕೊಡುವ ನೆರೆಯವರು, ಈ ಮೂರೂ ಇರುವ ಮನೆಯಲ್ಲಿ ನಗೆಗೆ ಎಂದೂ ಬರವಿಲ್ಲ. ಊರಿಗೆಲ್ಲ ಬರ ಬಿದ್ದ ವರ್ಷವೂ ನಮ್ಮ ಮನೆಯಲ್ಲಿ ಅದಕ್ಕೆ ಕೊರತೆಯಾಗಲಿಲ್ಲ.

ಆ ಬರದ್ದೇ ಒಂದು ಕೊಡುಗೆ ನಮ್ಮ ರಸ್ತೆ. ಬರ ಪರಿಹಾರದ ಕಾಮಗಾರಿ ಅಂತ ಖಡಿ ಸುರುವಿದರು, ಡಾಂಬರು ಮರೆತರು. ಆ ಖಡಿಯ ಮೇಲೆ ನಾನು ವಾರಕ್ಕೊಮ್ಮೆ ಬಾಗೇವಾಡಿ, ಮುದ್ದೇಬಿಹಾಳಕ್ಕೆ ಕಡಕ್ ರೊಟ್ಟಿ ಒಯ್ಯುತ್ತಿದ್ದೆ. ಕಾರಿನ ಮುಂದಿನ ಎಡಗಡೆ ಕುಸಿದಿತ್ತು. ಗಾಲಿಯ ಮೇಲಿನ ಭಾರ ಹೊರಲು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಲ್ಲಿನಂತೆ ಬಾಗಿಸಿ ಕಟ್ಟಿರುತ್ತಾರಲ್ಲ, ಅದೇ ಪಾಟಾ. ನಮ್ಮದು ಬಿರುಕು ಬಿಟ್ಟಿತ್ತು. ಅದರ ಎರಡೂ ತುದಿಯ ಪಿನ್ನು, ಬುಷ್ಷು ಸವೆದು ಕಾರು ಮುಂದಕ್ಕೆ ಹೋಗುವುದಕ್ಕಿಂತ ಮೇಲೆ ಕೆಳಗೆ ಹೋಗುವುದೇ ಹೆಚ್ಚಾಗಿತ್ತು. ಮನೆಯಲ್ಲಿ ಬುಟ್ಟಿಗೆ ಹಾಕಿದ್ದು ರೊಟ್ಟಿ, ಮುದ್ದೇಬಿಹಾಳದಲ್ಲಿ ಇಳಿಸಿದ್ದು ನುಚ್ಚು.

ಅಲ್ಲಿಯ ಖಾನಾವಳಿಯ ಮಾಲೀಕ ಒಂದು ಗುರುವಾರ ಕಡ್ಡಿ ಮುರಿದಂತೆ ಹೇಳಿದ: "ಅಕ್ಕಾರ, ಬರೂ ಗುರುವಾರ ರೊಟ್ಟಿ ಇಡೀ ಬರಲಿಲ್ಲಂದ್ರ ನಾ ಬ್ಯಾರೆ ಕಡೆ ನೋಡ್ಕೋತೇನ್ರಿ."

ಅವನೇ ನನ್ನ ದೊಡ್ಡ ಗಿರಾಕಿ. ಅವನು ಬಿಟ್ಟರೆ ಕಾರಿನ ಪೆಟ್ರೋಲಿಗೆ ದಾರಿಯಿಲ್ಲ, ಕಾರು ಹೋದರೆ ಉಳಿದ ಊರುಗಳೂ ಇಲ್ಲ. ಮತ್ತೆ ಮೊದಲಿನ ಹಾಗೆ ಮಂದಿಯ ಅಡುಗೆಮನೆಯಲ್ಲಿ ಮಂದಿಯ ಹಿಟ್ಟಿಗೆ ನನ್ನ ಕೈ. ಈ ಸುದ್ದಿ ಇಂಡಿಗೆ ಮುಟ್ಟಿದ್ದೇ ತಡ, ಮೈದುನ ಬಂದು ಕಾರಿನ ಹಿಂದಿನ ಸೀಟನ್ನು ಗೇಣು ಹಾಕಿ ಅಳೆದ.

"ಗುಜರಿಗಿ ಹಾಕೂ ಮುಂದ ಇದನ್ನಷ್ಟ ನನಗ ಬಿಡ್ರಿ ವೈನಿ. ನಮ್ಮ ಪಡಸಾಲ್ಯಾಗ ಬರೋಬ್ಬರಿ ಕೂಡ್ತೈತಿ."

ಗ್ಯಾರೇಜಿಗೆ ಹೋದೆ. "ಬಿಟ್ಟು ಹೋಗ್ರಿ, ಹಬ್ಬ ಮುಗೀಲಿ" ಎಂದರು. ಯಾವ ಹಬ್ಬ ಎಂದು ಕೇಳಿದೆ. "ಯಾವುದರೆ ಬರ್ತೈತಲ್ರಿ" ಎಂದರು. ಬಿಜಾಪುರದಿಂದ ಹೊಸ ಪಿನ್ನು, ಬುಷ್ಷು ತರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಏಳದ ದನ

ಕಾರಿನ ಜೊತೆ ಒಂದು ಜಾಕು ಬಂದಿತ್ತು. ಅದು ಕಾರಿಗಿಂತ ಹಿರಿಯದು. ಅಂಗಳದಲ್ಲಿ ಅದನ್ನು ಕಾರಿನ ಕೆಳಗಿಟ್ಟು ತಿರುಗಿಸಿದೆ. ನಮ್ಮದು ಮೆತ್ತನ್ನ ಕಪ್ಪು ಎರಿ ಮಣ್ಣು. ಕಾರು ಮೇಲೇಳುವ ಬದಲು ಜಾಕು ಭೂಮಿಗಿಳಿಯಿತು. ಇನ್ನೆರಡು ಸುತ್ತು ತಿರುಗಿಸಿದ್ದರೆ ನೀರು ಬೀಳುತ್ತಿತ್ತೋ ಏನೋ.

ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಎತ್ತುಗಳಿಗೆ ಲಾಳ ಕಟ್ಟುವ ಅಣ್ಣತಮ್ಮಂದಿರು ಕೂಡುತ್ತಿದ್ದರು. ಎತ್ತಿನ ಕಾಲಿಗೆ ಹಗ್ಗ ಸುತ್ತಿ ಕೆಡವುವುದು, ಲಾಳ ಹೊಡೆಯುವುದು ಅವರ ಕೆಲಸ. ಅಣ್ಣ ಎದ್ದು ಬಂದ.

"ಅಕ್ಕಾರ, ಇದನ್ನ ಕೆಡವಬೇಕೇನ್ರಿ?"

"ಕೆಡವೂದು ಬ್ಯಾಡೋ, ಎತ್ತಬೇಕು."

"ನಮಗ ಕೆಡವೂದು ಗೊತ್ತು. ಎತ್ತೂದು ಗೊತ್ತಿಲ್ಲ, ದನ ತನ್ನ ಪಾಡಿಗೆ ತಾ ಏಳ್ತೈತಿ. ಇರ್ಲಿ, ಹಗ್ಗಂತೂ ಐತಿ."

ಬೇವಿನ ದಪ್ಪ ಟೊಂಗೆಗೆ ಹಗ್ಗ ಹಾಕಿ ಮುಂದಿನ ಬಂಪರಿಗೆ ಬಿಗಿದರು. ಎತ್ತು ತಂದ ರೈತರೂ ಕೈಹಾಕಿ ಜಗ್ಗಿದರು. ಕಾರು ಮೂತಿ ಎತ್ತಿತು. ನಾನು ಕೆಳಗೆ ಕಲ್ಲಿನ ಚಪ್ಪಡಿ ಪೇರಿಸಿದೆ. ಇಷ್ಟು ಹೊತ್ತೂ ಅವರಲ್ಲಿ ತಮ್ಮನಾದವನು ಕಾರಿನ ಮುಂದೆ ನಿಂತು ಬಾನೆಟ್ಟು ಸವರುತ್ತ "ಹೋ… ಹೋ… ಆತು ಆತು" ಅನ್ನುತ್ತಿದ್ದ.

ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಅತ್ತೆ, "ಹಾಯೂದಿಲ್ಲೋ ಅದು, ಅದಕ್ಕೇನ ಕೋಡ ಅದಾವ?" ಎಂದರು.

"ಇರ್ಲಿ ಬಿಡಬೇ. ಹೊಸಾದು, ಸ್ವಭಾವ ಗೊತ್ತಿಲ್ಲ" ಎಂದ ಅವನು, ಕೈ ತೆಗೆಯದೆ.

ಕೆಲಸ ಮುಗಿಯಿತು, ಹೋಗಿ ಬರ್ರಿ ಎಂದೆ. ಅವರು ಹಗ್ಗ ಸುತ್ತಿಟ್ಟು ಅಲ್ಲೇ ಕೂತರು. "ಕೆಡವಿದ ದನ ಎದ್ದು ನಾಕ ಹೆಜ್ಜಿ ನಡದ ಹೊರತು ನಾವು ಏಳೂದಿಲ್ರಿ. ನಮ್ಮ ಪದ್ಧತಿ."

"ಇದು ಏಳೂದು ಬುಧವಾರ."

"ಕುಂಡ್ರತೇವಿ."

ಮುಂದೆ ಕುಳಿತವರಿಗೆ ಉಣ್ಣಲು ಇಕ್ಕದಿದ್ದರೆ ಹೇಗೆ. ಒಡೆದ ರೊಟ್ಟಿ ಮನೆಯಲ್ಲಿ ಬೇಕಾದಷ್ಟಿತ್ತು, ಅತ್ತೆ ಕಡಲೆಹಿಟ್ಟಿನ ಜುಣಕ ಮಾಡಿದರು. ಬುಧವಾರದವರೆಗೆ ಅವರು ದಿನವೂ ಊಟದ ಹೊತ್ತಿಗೆ ಸರಿಯಾಗಿ ಬಂದು ದನ ಎದ್ದಿದೆಯೇ ಎಂದು ನೋಡಿಹೋದರು. ಅದು ಪದ್ಧತಿಯೋ ಜುಣಕವೋ ನಾನು ವಿಚಾರಿಸಲಿಲ್ಲ.

ಮೋರಟಗಿಯ ಕುಡಗೋಲು

ಗಾಲಿ ತೆಗೆದು, ಬೋಲ್ಟು ಬಿಚ್ಚಿ, ಪಾಟಾ ಇಳಿಸಿದೆ. ಜಂಗು ಹಿಡಿದ ಪಿನ್ನು ಹೊರಬರುವ ಮೊದಲು ನನ್ನ ಎಡಗೈ ಹೆಬ್ಬೆರಳಿನ ಉಗುರು ಹೊರಬಂತು. ಬಿರುಕು ಬಿಟ್ಟದ್ದು ಎಲ್ಲಕ್ಕಿಂತ ಮೇಲಿನ ಉದ್ದನೆಯ ಪಟ್ಟಿ. ಅದೇ ಅಳತೆಯಲ್ಲಿ ಹೊಸದನ್ನು ಮಾಡಬಲ್ಲವನು ಮೋರಟಗಿಯ ಕಮ್ಮಾರನೊಬ್ಬನೇ ಎಂದರು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಆ ಪಟ್ಟಿಯನ್ನು ಕೊಟ್ಟು, "ಕುಲುಮಿಗಿ ಮುಟ್ಟಿಸು, ನಾ ನಾಳೆ ಬರ್ತೇನಂತ ಹೇಳು" ಎಂದೆ. ಅವನು ಮುಟ್ಟಿಸಿದ. ಹೇಳಲಿಲ್ಲ.

ಈಗ ನಮ್ಮ ಕಡೆ ಲಾರಿಯದಾಗಲಿ ಜೀಪಿನದಾಗಲಿ ಮುರಿದ ಪಾಟಾ ಕುಲುಮೆಗೆ ಬಂದರೆ ಅದಕ್ಕೆ ಒಂದೇ ಅರ್ಥ. ಆ ಉಕ್ಕಿನಂಥ ಕುಡಗೋಲು ಇನ್ನೊಂದಿಲ್ಲ. ಮರುದಿನ ನಾನು ಹೋದಾಗ ಕಮ್ಮಾರ ಹಿಗ್ಗಿ ನಿಂತಿದ್ದ.

"ಬಾ ತಂಗಿ. ಇಷ್ಟ ವರ್ಷ ಆತು, ಇಂಥಾ ಮಾಲು ನನ್ನ ಕೈಗೆ ಬಂದಿರಲಿಲ್ಲ. ಬೆಣ್ಣಿ ಬಡದಂಗ ಬಡೀತು ನೋಡು."

ನನ್ನ ಕಾರಿನ ಪಾಟಾ ಸಾಲಾಗಿ ಮಲಗಿತ್ತು. ಕುಡಗೋಲುಗಳು, ಕಳೆ ಕೀಳುವ ಒಂದು ಕುರುಪಿ, ಉಳಿದ ತುಂಡಿನಲ್ಲಿ ಒಂದು ಈಳಿಗೆ. ನಿಜ ಹೇಳಬೇಕೆಂದರೆ ಕೆಲಸ ಚೆಂದವಿತ್ತು.

"ಅಣ್ಣಾ, ಇದು ನನ್ನ ಕಾರಿಂದು. ಹೊಸಾ ಪಟ್ಟಿ ಬೇಕಾಗಿತ್ತು."

ಅವನು ಒಂದು ಕುಡಗೋಲು ಎತ್ತಿ ತಿರುಗಿಸಿ ನೋಡಿದ. ಆಮೇಲೆ, "ಕಾರಿಗಿ ಕುಡಗೋಲ ನಡ್ಯೂದಿಲ್ಲೇನು?" ಎಂದು ಕೇಳಿದ. ತಮಾಷೆಗಲ್ಲ, ಪ್ರಾಮಾಣಿಕವಾಗಿ.

ಮೂಲೆಯಲ್ಲಿ ಜೀಪಿನ ಗಟ್ಟಿ ಪಾಟಾ ಒಂದು ಒರಗಿ ನಿಂತಿತ್ತು. ಯಾರದ್ದೆಂದೆ. ಊರಿನ ರೈತನೊಬ್ಬ ಕುಡಗೋಲು ಮಾಡಲು ಕೊಟ್ಟಿದ್ದನಂತೆ. ಅವನಿಗೆ ಬೇಕಾದದ್ದು ಕುಡಗೋಲು, ನನಗೆ ಬೇಕಾದದ್ದು ಪಾಟಾ. ಆ ರೈತನನ್ನು ಕರೆಸಿದೆವು. ಅವನು ನನ್ನ ಕುಡಗೋಲುಗಳನ್ನು ಬೆರಳಿನಿಂದ ಸವರಿ, "ಇಷ್ಟ ಲಗೂ ಮಾಡಿದ್ಯಾ ಮಾರಾಯಾ" ಎಂದು ಕಮ್ಮಾರನ ಬೆನ್ನು ತಟ್ಟಿ, ಅವನ್ನು ಎತ್ತಿಕೊಂಡು ಹೋದ. ಕಮ್ಮಾರ ಸಂಜೆಯೊಳಗೆ ಆ ಜೀಪಿನ ಪಟ್ಟಿಯನ್ನು ಕಡಿದು, ಕಾಯಿಸಿ, ನನ್ನ ಅಳತೆಗೆ ಬಾಗಿಸಿ ಕೊಟ್ಟ. ಈಳಿಗೆಯನ್ನು ಮಾತ್ರ ನಾನು ಬಿಡಲಿಲ್ಲ.

ಇವತ್ತಿಗೂ ನನ್ನ ಕಾರಿನ ಒಂದು ಭಾಗ ಮೋರಟಗಿಯ ಹೊಲದಲ್ಲಿ ಜೋಳ ಕೊಯ್ಯುತ್ತದೆ. ಇನ್ನೊಂದು ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತದೆ.

ಮಡಿಯಲ್ಲಿದ್ದ ಪುಸ್ತಕ

ಪಕ್ಕದ ಮನೆಯ ನಿವೃತ್ತ ಮಾಸ್ತರರ ಮನೆಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಕಾರಿನ ಇಂಗ್ಲಿಷ್ ಪುಸ್ತಕ ಓದಿ ಹೇಳಲು ಅವರೇ ಗತಿ. ಕನ್ನಡ ನಾನೇ ಕಲಿತದ್ದು, ಬೆಲ್ಲ ಕಟ್ಟಿಕೊಟ್ಟ ಪೇಪರಿನ ಹಾಳೆಗಳಿಂದ. ಇಂಗ್ಲಿಷಿನಲ್ಲಿ ನನಗೆ ಯಾರೂ ಬೆಲ್ಲ ಕಟ್ಟಿಕೊಡಲಿಲ್ಲ.

ಮಾಸ್ತರರು ಪೂಜೆ ಮುಗಿಸಿ ಮಡಿಯಲ್ಲೇ ಬರುತ್ತಿದ್ದರು. ಗ್ರೀಸು ಸಿಡಿದೀತೆಂದು ದೂರದ ಕಟ್ಟೆಯ ಮೇಲೆ ನಿಂತು, ಪುಸ್ತಕ ಚಾಚಿ ಹಿಡಿದು, ಪುರಾಣ ಓದಿದಂತೆ ಓದಿ ಅರ್ಥ ಹೇಳುತ್ತಿದ್ದರು. ನಾನು ಕಾರಿನ ಕೆಳಗಿಂದ ಹ್ಞೂಂಗುಟ್ಟುತ್ತಿದ್ದೆ. ಜೋಡಿಸುವ ಭಾಗ ಬಂದಾಗ ಅವರು ಪುಟ ತಿರುಗಿಸಿ, "ಅಗ ಬಾಈ, ಇಲ್ಲಿ ಒಂದಽ ಸಾಲು ಐತಿ. ಬಿಚ್ಚಿದ್ದರ ಉಲ್ಟಾ ಮಾಡಬೇಕಂತ" ಎಂದರು.

"ಅಷ್ಟ ಬರಿಯಾಕ ಪುಸ್ತಕ ಯಾಕ ಬೇಕಿತ್ರಿ? ಸೀರಿ ಉಡೂ ಹೆಂಗಸಿಗೆ ಗೊತ್ತಿಲ್ಲೇನ್ರಿ?"

ಬುಧವಾರ ಮಧ್ಯಾಹ್ನ ಎಲ್ಲ ಜೋಡಿಸಿ, ಚಪ್ಪಡಿ ತೆಗೆದು ಕಾರು ಇಳಿಸಿದೆವು. ಲಾಳದ ಅಣ್ಣತಮ್ಮಂದಿರು ಎದ್ದು ನಿಂತರು. ನಾನು ಕಾರು ಶುರುಮಾಡಿ ನೇರ ರಸ್ತೆಗೆ ಹಿಡಿದೆ. ಕಾರು ಎಡಕ್ಕೆ ಹೊರಟಿತು. ಬಲಕ್ಕೆ ಜಗ್ಗಿದೆ, ಅದು ಎಡಕ್ಕೇ ಹೊರಟಿತು. ಎಡಕ್ಕೆ ಮಾಸ್ತರರ ಅಂಗಳ. ಅಲ್ಲಿ ತಂತಿಯ ಮೇಲೆ ಅವರ ಮಡಿ ಧೋತರ ಒಣಗುತ್ತಿತ್ತು. ವಾರವೆಲ್ಲ ಒಂದು ಹನಿ ಗ್ರೀಸು ಸಿಡಿಯದಂತೆ ಜೋಪಾನ ಮಾಡಿದ ಮನುಷ್ಯರು ಅವರು. ಕಾರು ಆ ಧೋತರವನ್ನು ಹೊದ್ದುಕೊಂಡು ನಿಂತಿತು.

ಅತ್ತೆ ಕಟ್ಟೆಯಿಂದಿಳಿದು ಬಂದು, ಸಂತೆಯಲ್ಲಿ ದನ ನೋಡುವ ಹಾಗೆ ಕಾರಿನ ಸುತ್ತ ಒಂದು ಸುತ್ತು ಹಾಕಿದರು.

"ಒಂದು ಕಾಲು ಮುಂದಿಟ್ಟು ನಿಂತೈತಲ್ಲ ನಿನ್ನ ಗಾಡಿ. ಇಂಥಾ ದನಾ ಯಾರರೆ ಕೊಳ್ತಾರೇನು?"

ಬಗ್ಗಿ ನೋಡಿದೆ. ನಿಜ. ಒಂದು ಗಾಲಿ ಇನ್ನೊಂದಕ್ಕಿಂತ ಮುಂದಿತ್ತು. ಮಾಸ್ತರರು ಪುಸ್ತಕ ತೆರೆದು, ಕನ್ನಡಕ ಏರಿಸಿ, ಮೆಲ್ಲಗೆ ಓದಿದರು. ಪಾಟಾದ ನಡುವಿನ ಬೋಲ್ಟು ಸರಿಯಾಗಿ ನಡುವೆ ಇರುವುದಿಲ್ಲ, ಹಿಂದುಮುಂದಾಗಿ ಕೂಡಿಸಬಾರದು ಎಂದು ಅದೇ ಪುಟದ ಅಡಿಯಲ್ಲಿ ಬರೆದಿತ್ತು.

"ಇದನ್ಯಾಕ ಮೊದಲ ಓದಲಿಲ್ರಿ ಮಾಸ್ತರ್ರ?"

"ಸಣ್ಣ ಅಕ್ಷರದಾಗ ಇತ್ತವಾ. ಸಣ್ಣ ಅಕ್ಷರದ್ದು ಪರೀಕ್ಷಾಕ್ಕ ಬರೂದಿಲ್ಲಂತ ಜೀವಮಾನ ಪೂರ್ತಿ ಹೇಳಿಕೊಂಡ ಬಂದೇನಿ."

ಲಾಳದ ಅಣ್ಣ ಹಗ್ಗ ಬಿಚ್ಚಿದ. "ನಾಕ ಹೆಜ್ಜಿ ನಡದದ್ದು ಖರೆ. ಆದ್ರ ಕುಂಟತೈತಿ. ಮತ್ತ ಕೆಡವೂಣು ನಡೀರಿ." ಕತ್ತಲಾಗುವುದರೊಳಗೆ ಪಾಟಾ ತಿರುಗಿಸಿ ಕೂಡಿಸಿದೆವು. ಅತ್ತೆ ಮತ್ತೊಂದು ಸುತ್ತು ಹಾಕಿ, "ಈಗ ದನಾ ಆತು" ಎಂದರು.

ಗುರುವಾರ

ಬೆಳಿಗ್ಗೆ ಮೈದುನ ಇಂಡಿಯಿಂದ ಮೊದಲ ಬಸ್ಸಿಗೇ ಬಂದಿಳಿದ. ಸೀಟು ಒಯ್ಯಲು ಗೋಣಿಚೀಲ, ಸುತಳಿ ಎಲ್ಲ ತಂದಿದ್ದ. "ನಾನೂ ಬರ್ತೇನ್ರಿ ವೈನಿ. ದಾರ್ಯಾಗ ಬಿದ್ರ ಗಂಡಸು ಒಬ್ಬ ಇರಲಿ" ಎಂದು ಹಿಂದೆ ಕೂತ. ಮಡಿ ಕೆಟ್ಟಿತೆಂದು ಮಾಸ್ತರರು ಬಿಟ್ಟುಕೊಟ್ಟ ಧೋತರದಲ್ಲಿ ಕಟ್ಟಿದ ರೊಟ್ಟಿಯ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡ. ಉಳಿದವು ಬುಟ್ಟಿಗಳಲ್ಲಿ.

ಬಾಗೇವಾಡಿ ದಾಟಿದ ಮೇಲೆ ಖಡಿಯ ರಸ್ತೆಯಲ್ಲಿ ದೊಡ್ಡ ತಗ್ಗುಗಳು ಶುರುವಾದವು. ಕಾರು ತಗ್ಗಿಗೆ ಇಳಿದು ಮೆತ್ತಗೆ ಎದ್ದಿತು. ಇನ್ನೊಂದು ತಗ್ಗು, ಅಲ್ಲೂ ಹಾಗೆಯೇ. ಆದರೆ ಹಿಂದಿನಿಂದ ಧಡ್ ಧಡ್ ಎಂಬ ಸದ್ದು. ಕನ್ನಡಿಯಲ್ಲಿ ನೋಡಿದೆ. ಕಾರು ಒಮ್ಮೆ ಕುಲುಕಿದರೆ ಮೈದುನ ಬೇಕೆಂದೇ ಎರಡು ಸಲ ಕುಲುಕುತ್ತಿದ್ದ, ಗಂಟಿನ ಸಮೇತ.

"ಯಾಕೋ ತಮ್ಮಾ, ಸೀಟು ಚುಚ್ಚಾಕತ್ತೈತೇನು?"

"ಇಲ್ರಿ ವೈನಿ, ಗಟ್ಟಿ ಐತೇನಂತ ನೋಡಾಕತ್ತೇನಿ."

ಮುದ್ದೇಬಿಹಾಳದಲ್ಲಿ ಖಾನಾವಳಿಯ ಮಾಲೀಕ ಬಾಗಿಲಲ್ಲೇ ನಿಂತಿದ್ದ. ಬುಟ್ಟಿ ಇಳಿಸಿ ಬಟ್ಟೆ ಸರಿಸಿದೆ. ಹುಣ್ಣಿಮೆಯ ಚಂದ್ರನಂತೆ ಇಡಿಯಾದ ರೊಟ್ಟಿ, ಒಂದರ ಮೇಲೊಂದು. ಮೈದುನನ ಗಂಟು ಬಿಚ್ಚಿದೆ. ಅಷ್ಟು ಕುಣಿಸಿದರೂ ಅಂಚು ಮುಕ್ಕಾಗಿರಲಿಲ್ಲ. ಮೈದುನ ಸುತಳಿಯನ್ನು ಜೇಬಿಗಿಳಿಸಿದ. ನಾನು ಮಾಲೀಕನ ಮುಖ ನೋಡಿದೆ, ಹೊಗಳಲಿ ಎಂದು.

ಅವನ ಮುಖ ಸೂತಕದ ಮನೆಯಾಗಿತ್ತು.

"ಅಕ್ಕಾರ," ಎಂದ ತಗ್ಗಿದ ದನಿಯಲ್ಲಿ, "ಇಡೀ ರೊಟ್ಟಿ ತಂದೀರಲ್ರಿ."

"ನೀವ ಅಲ್ಲೇನ್ರಿ ಅಂದಿದ್ದು?"

"ಅಂದಿದ್ದೆ. ಹಂಗಂದ್ರ ನೀವು ಒಂದೀಟು ದರ ಇಳಿಸ್ತೀರಂತ ಅಂದಿದ್ದೆ. ನೀವು ಹೋಗಿ ಗಾಡೀನ ರಿಪೇರಿ ಮಾಡಿಸ್ತೀರಂತ ಯಾರಿಗಿ ಗೊತ್ತಿತ್ತು?"

ಒಳಗೆ ಇಣುಕಿದೆ. ಬೆಂಚಿನ ತುಂಬ ಮಂದಿ. ನನ್ನ ನುಚ್ಚು ರೊಟ್ಟಿಯನ್ನು ಅವನು ಮಜ್ಜಿಗೆಯಲ್ಲಿ ನೆನೆಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಗುರುವಾರದ ವಿಶೇಷವೆಂದು ಬಡಿಸುತ್ತಿದ್ದನಂತೆ. ಅದಕ್ಕೆಂದೇ ಸುತ್ತಲಿನ ಹಳ್ಳಿಗಳಿಂದ ಬಂದವರು ತಾಟು ಮುಂದಿಟ್ಟುಕೊಂಡು ಕೂತಿದ್ದರು. ಮಾಲೀಕ ಇಡೀ ರೊಟ್ಟಿಯೊಂದನ್ನು ಎತ್ತಿ, ತಿರುಗಿಸಿ, ದಿಕ್ಕು ತೋಚದೆ ಕೇಳಿದ: "ಈಗ ಇವನ್ನೆಲ್ಲಾ ಯಾರ ಮುರೀಬೇಕ್ರಿ?"

"ರೊಟ್ಟಿ ಇಡೀನ ಬರ್ತಾವು, ದರ ಹಂಗ ಇರತೈತಿ" ಎಂದೆ. "ಮುರಿಯಾಕ ಮನುಷ್ಯಾನ್ನ ನಾ ಕೊಡ್ತೇನಿ. ದಾರಿ ಪೂರ್ತಿ ಅದನ್ನ ರೂಢಿ ಮಾಡಿಕೊಂಡ ಬಂದಾನ. ಕೂಡು ತಮ್ಮಾ."

ಮೈದುನ ಅಗಲವಾದ ತಾಟಿನಂಥ ಪರಾತದ ಮುಂದೆ ಕೂತ. ಮೊದಲ ರೊಟ್ಟಿ ತೊಡೆಗೆ ಬಡಿದು ಮುರಿಯಲು ನೋಡಿದ, ಅದು ಮುರಿಯಲಿಲ್ಲ, ತೊಡೆ ಕೆಂಪಾಯಿತು. ಮಾಲೀಕ ಅವನ ಪಕ್ಕದಲ್ಲಿ ಕೂತು, "ಸರಳ ಐತ್ರಿ, ಆದ್ರ ನಿಮ್ಮ ಕೈಲೆ ಆಗೂದಿಲ್ಲ, ತಡೀರಿ ತೋರಸ್ತೇನಿ" ಎಂದ. ನಾನು ಹೊರಗೆ ಬಂದು ಕಾರಿನ ಬಾನೆಟ್ಟು ಸವರಿ "ಆತು ಆತು" ಎಂದೆ.

ಈಗ ಬಾಗೇವಾಡಿಯಲ್ಲಿ ನನ್ನದೇ ಖಾನಾವಳಿ ಇದೆ. ಆ ಕಾರು ಇದೆ, ಮಣ್ಣಿಗಿಳಿಯದ ಜಾಕೊಂದಿದೆ, ಈಳಿಗೆಯೂ ಇದೆ. ಇದಕ್ಕೆಲ್ಲ ತೆತ್ತದ್ದು ಎಡಗೈ ಹೆಬ್ಬೆರಳಿನ ಉಗುರು, ಮಾಸ್ತರರ ಮಡಿ ಧೋತರ, ಮೈದುನನ ಪಡಸಾಲೆಯ ಸೀಟು. ಉಗುರು ಮತ್ತೆ ಬಂತು. ಧೋತರ ಹೊಸದು ಕೊಡಿಸಿದೆ. ಸೀಟು ಕಾರಿನಲ್ಲೇ ಇದೆ. ಗುರುವಾರ ಗುರುವಾರ ಮೈದುನ ಅದರ ಮೇಲೇ ಕೂತು ಮುದ್ದೇಬಿಹಾಳಕ್ಕೆ ಬರುತ್ತಾನೆ, ರೊಟ್ಟಿ ಮುರಿಯಲು.