ಮೂರನೇ ರಾಜನ ಚೀಲ

ನಮ್ಮಣ್ಣ ಸತ್ತದ್ದನ್ನು ನಾನು ನೋಡಲಿಲ್ಲ. ಎದುರಿಗೇ ಇದ್ದೆ, ಆದರೂ ನೋಡಲಿಲ್ಲ. ಅಯ್ಯೋ ಪಾಪ ಅನ್ನಬೇಡಿ! ಅವನು ಬದುಕಿಯೇ ಇದ್ದಾನೆ. ನಾನಿದನ್ನು ಬರೆಯುವ ಹೊತ್ತಿಗೆ ಕೊರಟಗೆರೆ ಹತ್ತಿರದ ನಮ್ಮೂರಲ್ಲಿ ಹುಣಸೆಹಣ್ಣಿನ ರಾಶಿಯ ಪಕ್ಕ ಕೂತು, ಸಿರಾ ಕಡೆಯ ರಾಜ ಹೇಗೆ ಸಾಯುತ್ತಾನೆ, ಪಾವಗಡದ ಕಡೆಯ ರಾಜ ಹೇಗೆ ಸಾಯುತ್ತಾನೆ ಎಂದು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದಾನೆ. ಸಾಯುವ ವಿಚಾರದಲ್ಲಿ ಅವನಷ್ಟು ತಿಳಿದವರು ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.

ನಾನು ಅವನ ತಂಗಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹುಣಸೆ ಬೀಜ ಬಿಡಿಸಲು ಕೂತವಳು. ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ನಾರೆಂದು ಕಿತ್ತು ಬಿಸಾಡಿ, ಹಣ್ಣು ಇಟ್ಟುಕೊಳ್ಳಿ.

ಮೊದಲು ರಾಜ ಯಾರೆಂದು ಹೇಳಬೇಕಲ್ಲ? ನಮ್ಮ ಕಡೆ ಸುಗ್ಗಿ ಮುಗಿಯಿತೆಂದರೆ ಊರೂರಲ್ಲಿ ಪೌರಾಣಿಕ ನಾಟಕ. ಹಾರ್ಮೋನಿಯಂ, ತಬಲ, ಜರಿ ಪೋಷಾಕು; ರಾತ್ರಿಯಿಡೀ ಮಾತಿಗಿಂತ ಹಾಡೇ ಹೆಚ್ಚು. ಅದರಲ್ಲಿ ಗದೆ ಹೊತ್ತು, ಮೀಸೆ ತಿರುವಿ, ಯಾರ ಮಾತನ್ನೂ ಕೇಳದೆ, ಕೊನೆಗೆ ತೊಡೆ ಮುರಿಸಿಕೊಂಡು ಸಾಯುವ ಛಲದ ರಾಜನೊಬ್ಬ ಇದ್ದಾನಲ್ಲ, ಅವನೇ. ಹೆಸರು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಹೆಸರು ಹಿಡಿದರೆ ನಮ್ಮಣ್ಣನಿಗೆ ಆಗದು. “ತಹಸೀಲ್ದಾರ್‌ನ ಹೆಸರಿಡಿದು ಕರೀತೀಯೇನ್ಲಾ? ರಾಜ ಅನ್ನು!” ಎಂದು ಗದರುತ್ತಾನೆ.

ಈ ಪಾತ್ರ ಮಾಡುವ ಆಸೆ ಊರಿಗೆಲ್ಲ. ರಾಜ ಮಾತ್ರ ಒಬ್ಬನೇ! ಏನು ಮಾಡುವುದು? ರಾಜನನ್ನೇ ಮೂರು ಪಾಲು ಮಾಡುತ್ತಾರೆ. ದರ್ಬಾರಿಗೆ ಒಂದನೇ ರಾಜ, ಯುದ್ಧಕ್ಕೆ ಎರಡನೇ ರಾಜ, ಸಾಯುವುದಕ್ಕೆ ಮೂರನೇ ರಾಜ. ದರ್ಬಾರಿನಲ್ಲಿ ಆರಡಿ ಇದ್ದವನು ಯುದ್ಧಕ್ಕೆ ಬರುವಾಗ ಐದಡಿ ಆಗಿರುತ್ತಾನೆ, ಸಾಯುವಾಗ ಮತ್ತೆ ಬೆಳೆದಿರುತ್ತಾನೆ. ಯಾಕೆಂದು ಯಾರೂ ಕೇಳುವುದಿಲ್ಲ. ಆದರೆ ಯಾವನು ಚೆನ್ನಾಗಿ ಮಾಡಿದ ಎಂದು ಬೆಳಗಾಗುವಷ್ಟರಲ್ಲಿ ಹೊಡೆದಾಟವೇ ಆಗುತ್ತದೆ.

ಅಣ್ಣನದು ಹುಣಸೆಹಣ್ಣಿನ ವ್ಯಾಪಾರ. ಮರದ ಮೇಲಿರುವಾಗಲೇ ಕಾಯಿ ನೋಡಿ ಬೆಲೆ ಮಾತಾಡಿಕೊಂಡು ಬರಲು ಮಧುಗಿರಿ, ಸಿರಾ, ಪಾವಗಡವೆಲ್ಲ ಮೊಪೆಡ್ಡಿನಲ್ಲಿ ಸುತ್ತುತ್ತಾನೆ. ಹುಣಸೆ ಕಾಲವೂ ನಾಟಕದ ಕಾಲವೂ ಒಂದೇ. ಮರ ನೋಡಲು ಹೋಗಿ ನಾಟಕ ನೋಡುತ್ತಿದ್ದನೋ, ನಾಟಕ ಇರುವ ಊರಲ್ಲೇ ಮರ ಹುಡುಕುತ್ತಿದ್ದನೋ, ನಮ್ಮತ್ತಿಗೆಗೂ ಇವತ್ತಿನವರೆಗೆ ತಿಳಿದಿಲ್ಲ.

ನೋಡುವುದಕ್ಕೂ ಅವನದೊಂದು ಕ್ರಮ ಇತ್ತು. ಎಡಗಡೆ ಜೇಬು ತುಂಬ ಹುಣಸೆ ಬೀಜ. ರಾಜ ಒಂದು ಹಾಡು ಚೆನ್ನಾಗಿ ಹೇಳಿದರೆ ಒಂದು ಬೀಜ ಬಲಗಡೆ ಜೇಬಿಗೆ. ಬಾಗಿಲು ದಾಟಿ ಬರುವ ಗತ್ತಿಗೆ ಎರಡು. ಗದೆ ಕೆಳಗಿಟ್ಟು ನಿಲ್ಲುವುದಕ್ಕೆ ಒಂದು. ಸಾಯುವುದಕ್ಕೆ ಐದರವರೆಗೆ. ಮನೆಗೆ ಬಂದು ಆ ಬೀಜಗಳನ್ನು ಒಂದೊಂದು ರಾಜನ ಚೀಲಕ್ಕೆ ಹಾಕುತ್ತಿದ್ದ. ಬ್ಲೌಸ್ ಪೀಸಿನ ತುಂಡಿನಲ್ಲಿ ಆ ಚೀಲಗಳನ್ನು ಹೊಲಿದುಕೊಟ್ಟವಳು ನಾನೇ. ಬೇರೆಯವರ ಮನೆ ಗೋಡೆಗೆ ದೇವರ ಪಟ. ನಮ್ಮಣ್ಣನ ಮನೆ ಗೋಡೆಗೆ ಮೊಳೆ ಹೊಡೆದು ಸಾಲಾಗಿ ಇಪ್ಪತ್ತೆರಡು ರಾಜರು!

ಸಿರಾ ಕಡೆಯ ರಾಜನದು ಕೆಂಪು ಹೂವಿನ ಚೀಲ. ಆಟೋ ಓಡಿಸುವವನು, ಕಂಠ ಗಂಟೆ ಇದ್ದ ಹಾಗೆ. ಸಂಧಾನ ಬೇಡವೆಂದು ಹೇಳುವ ಜಾಗದಲ್ಲಿ ಸಿಟ್ಟು ನೆತ್ತಿಗೇರಿ, “ಬಿಲ್ಕುಲ್ ಆಗಲ್ಲ!” ಎಂದುಬಿಟ್ಟನಂತೆ. ಅಣ್ಣ ಅದಕ್ಕೂ ಬೀಜ ಹಾಕಿದ. “ರಾಜನ್ಗೆ ಸಿಟ್ಟು ಬಂದ್ಮೇಲೆ ಯಾವ ಭಾಷೆ ಬಂದ್ರೇನ್ಲಾ?”

ತಿರುಮಣಿ ಕಡೆಯ ರಾಜ ಸೋಲಾರ್ ಪಾರ್ಕಿನಲ್ಲಿ ಕಾವಲುಗಾರ. “ದೂತ ಬಂದ್ರೆ ಗೇಟ್ ಪಾಸ್ ಕೇಳೋನಂಗೆ ನೋಡ್ತಾನೆ,” ಎನ್ನುತ್ತಿದ್ದ ಅಣ್ಣ. “ಆದ್ರೂ ಸಾಯೋವಾಗ ತೆಲುಗಲ್ಲಿ ಒಂದು ಪದ್ಯ ಎತ್ತುತಾನೆ ನೋಡು, ಕಲ್ಲೂ ಕರಗಬೇಕು. ಕನ್ನಡದಲ್ಲಿ ಹುಟ್ಟಿ ತೆಲುಗಲ್ಲಿ ಸಾಯೋ ರಾಜ ಅವ್ನೊಬ್ನೇ!”

ಮಧುಗಿರಿ ಕಡೆಯವನು ಮೇಷ್ಟ್ರು. ಉಚ್ಚಾರ ಬಹಳ ಶುದ್ಧ. ಎಷ್ಟು ಶುದ್ಧವೆಂದರೆ, ಎದುರು ಪಾತ್ರದವನು ಮಾತು ತಪ್ಪಿದರೆ ಯುದ್ಧ ನಿಲ್ಲಿಸಿ ತಿದ್ದುತ್ತಿದ್ದನಂತೆ! “ಬೀಜ ತೆಗ್ದು, ನಾರು ತೆಗ್ದು ಎಲ್ಲಾ ಚೊಕ್ಕಟ ಮಾಡವ್ನೆ. ಹುಳೀನೇ ಇಲ್ಲ.” ಅವನ ಚೀಲ ಯಾವಾಗಲೂ ಬಡಕಲು.

ಇನ್ನು ನಮ್ಮ ಕೊರಟಗೆರೆ ಕಡೆಯ ರಾಜ! ಸತ್ತು ಬಿದ್ದ ಮೇಲೆ ಜನ “ಒನ್ಸ್ ಮೋರ್” ಎಂದು ಕೂಗಿದರು. ಎದ್ದು, ಮೈ ಕೊಡವಿಕೊಂಡು, ಮತ್ತೆ ಸತ್ತ. ಮತ್ತೆ ಕೂಗಿದರು. ಮೂರನೇ ಸಲ ಸಾಯುವಾಗ ಮೀಸೆ ಕಳಚಿ ಬಿತ್ತು. ಅಣ್ಣ ಕೊಟ್ಟಿದ್ದ ಐದು ಬೀಜದಲ್ಲಿ ಮೂರನ್ನು ವಾಪಸ್ ತೆಗೆದುಕೊಂಡ. “ಸಾವು ಒಂದೇ ಸಲ ಕಣಮ್ಮ. ಮರ್ಯಾದಸ್ತ ರಾಜ ಒಂದೇ ಸಲ ಸಾಯ್ತಾನೆ.”

ನಾಟಕದಲ್ಲಿ ಮಾತ್ರ ಹೀಗಿದ್ದಿದ್ದರೆ ಸಹಿಸಿಕೊಳ್ಳಬಹುದಿತ್ತು. ಪಕ್ಕದೂರಿನಲ್ಲಿ ಒಬ್ಬ ಅಜ್ಜಿ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆವು. ಹಿರೇ ಸೊಸೆ ರಾಗವಾಗಿ ಅಳುತ್ತಿದ್ದಳು. ನೋಡುತ್ತೇನೆ, ಅಣ್ಣನ ಕೈ ಎಡಜೇಬಿನಿಂದ ಬಲಜೇಬಿಗೆ ಹೋಗಿ ಬರುತ್ತಿದೆ! ಸಾಲದ್ದಕ್ಕೆ ಪಕ್ಕದವರಿಗೆ, “ಮಧುಗಿರಿ ರಾಜನ್ಗಿಂತ ವಾಸಿ ಕಣ್ಲಾ,” ಎಂದ. ಅವರ ಮನೆ ತಿಥಿಗೆ ನಮಗೆ ಹೇಳಲಿಲ್ಲ.

ನನ್ನ ಮದುವೆ ಕತೆ ಕೇಳಿ. ನೋಡಲು ಬಂದವರ ಜೊತೆ ಹುಡುಗನ ಸೋದರಮಾವನೂ ಬಂದಿದ್ದರು. ಐ.ಡಿ.ಹಳ್ಳಿಯವರು, ರಾಜನ ಪಾತ್ರ ಮಾಡುವವರು. ಅಣ್ಣ ಹುಡುಗನ ಕೆಲಸ ಕೇಳಲಿಲ್ಲ, ಜಮೀನು ಕೇಳಲಿಲ್ಲ. “ಮಾವನೋರು ಒಂದು ಪದ ಹೇಳ್ಲಿ, ಆಮೇಲೆ ಮಾತು,” ಎಂದ. ಅವರು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ಹಾಡಿದರು. ಅಣ್ಣ ಕಣ್ಣು ಒರೆಸಿಕೊಂಡು ಒಪ್ಪಿಗೆ ಎಂದುಬಿಟ್ಟ! ಅವರು ಹೋದ ಮೇಲೆ ಕೇಳಿದೆ:

“ಹುಡುಗ ಹೆಂಗವ್ನೆ ಅಂತ ನೋಡ್ದಾ ಅಣ್ಣಯ್ಯ?”

“ಯಾವ ಹುಡುಗ?”

ನನ್ನ ಅದೃಷ್ಟ, ಗಂಡ ಒಳ್ಳೆಯವನೇ ಸಿಕ್ಕಿದ. ಅಣ್ಣನ ಮನೆಯ ಹಿಂದಿನ ಬೀದಿಯಲ್ಲೇ ಮನೆ ಮಾಡಿದೆವು. ಹುಣಸೆ ಕುಟ್ಟುವ ಕೆಲಸ ತಪ್ಪಲಿಲ್ಲ.

ಇಷ್ಟು ರಾಜರನ್ನು ತೂಗಿದ ಅಣ್ಣ ತಾನು ಮಾತ್ರ ಒಂದು ದಿನವೂ ಬಣ್ಣ ಹಚ್ಚಿರಲಿಲ್ಲ. ಆಸೆ ಇರಲಿಲ್ಲವೇ? ಹುಣಸೆ ಬಡಿಯುವ ಕೋಲನ್ನು ಹೆಗಲಿಗಿಟ್ಟು ಹಿತ್ತಿಲಲ್ಲಿ ನಡೆಯುತ್ತಿದ್ದುದನ್ನು ನಾನು ಎಷ್ಟು ಸಲ ಕಂಡಿಲ್ಲ! ಕೊನೆಗೆ ಆರು ವರ್ಷದ ಹಿಂದೆ ಒಂದು ದಿನ ಮಿಡಿಗೇಶಿ ಪಕ್ಕದ ಒಂದು ಹಳ್ಳಿಯಿಂದ ಫೋನು ಬಂತು. ಅಲ್ಲಿಯ ಮೂರನೇ ರಾಜ ಐಸ್ ಹಾಕಿದ ಕಬ್ಬಿನ ಹಾಲು ಕುಡಿದು ಗಂಟಲು ಕಟ್ಟಿಸಿಕೊಂಡಿದ್ದ. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಕೂಗಿದರು: “ಎಲ್ಲಾ ರಾಜ್ರ ಪದನೂ ನಿನ್ ಬಾಯಲ್ಲೈತೆ. ನೀನೇ ಬಂದ್ಬುಡಪ್ಪ!”

ಅಣ್ಣ ಬೇರೆ ಯಾರನ್ನೂ ಕರೆಯಲಿಲ್ಲ. ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದ. ಬಣ್ಣಕ್ಕೆ ಕೂರುವ ಮುಂಚೆ ಜೇಬಿನ ಬೀಜವನ್ನೆಲ್ಲ ನನ್ನ ಸೆರಗಿಗೆ ಸುರಿದ.

“ಎಲ್ರಿಗೂ ಬೀಜ ಹಾಕ್ದೋನು ನಾನು. ನನ್ಗೆ ಹಾಕೋಳು ನೀನು. ತಂಗಿ ಅಂತ ಒಂದು ಬೀಜನೂ ಜಾಸ್ತಿ ಹಾಕ್ಬೇಡ. ಗೊತ್ತಾಯ್ತಾ?”

ಗೊತ್ತಾಯಿತು ಎಂದೆ. ವೇದಿಕೆಯ ಮುಂದೆಯೇ, ಹಾರ್ಮೋನಿಯಮ್ಮಿನ ಪಕ್ಕ ಚಾಪೆ ಹಾಕಿ ಕೂತೆ. ಒಂದನೇ ರಾಜ ದರ್ಬಾರು ಬಿಟ್ಟು ಏಳಲೇ ಇಲ್ಲ. ಎರಡನೇ ರಾಜ ಮೈಕಿನವನ ಜೊತೆ ಜಗಳಕ್ಕೆ ನಿಂತ. ನಾನು ಮೂರು ದಿನದಿಂದ ಹುಣಸೆ ಕುಟ್ಟಿದ್ದೆ, ಕೈ ಮರಗಟ್ಟಿತ್ತು. ಅಣ್ಣನ ಪಾತ್ರ ಬರಲು ಇನ್ನೂ ಹೊತ್ತಿದೆ, ಐದು ನಿಮಿಷ ಒರಗೋಣ ಎಂದುಕೊಂಡೆ. ಕಣ್ಣು ಬಿಟ್ಟಾಗ ಬಿಸಿಲು! ಪರದೆ ಮಡಿಸುತ್ತಿದ್ದರು. ಸೆರಗಿನ ಗಂಟಿನಲ್ಲಿ ಬೀಜಗಳು ಹಾಗೇ ಇದ್ದವು.

ಅಣ್ಣ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಾ ಬಂದ. “ಹೆಂಗಿತ್ತಮ್ಮ?”

ಏನು ಹೇಳಲಿ? “ನೀನೇ ರಾಜ ಕಣಣ್ಣಯ್ಯ! ಎಲ್ಲಾ ಬೀಜನೂ ನಿನ್ಗೇ!” ಎಂದು ಗಂಟನ್ನೇ ಅವನ ಕೈಗೆ ಸುರಿದೆ. ಅವನು ಬೀಜ ನೋಡಲಿಲ್ಲ. ನನ್ನ ಕೆನ್ನೆಯನ್ನೇ ಸ್ವಲ್ಪ ಹೊತ್ತು ನೋಡಿ, “ನಡೀ, ಕಾಫಿ ಕುಡಿಯಾನ,” ಎಂದ. ಮನೆಗೆ ಬಂದು ಕನ್ನಡಿ ನೋಡಿದರೆ ಕೆನ್ನೆ ಮೇಲೆ ಚಾಪೆಯ ಗೆರೆ ಅಚ್ಚಾಗಿ ಕೂತಿದೆ! ಗಂಡಸರಿಗೆ ಇದೆಲ್ಲ ಕಾಣುವುದಿಲ್ಲ ಬಿಡು ಎಂದು ಸಮಾಧಾನ ಮಾಡಿಕೊಂಡೆ.

ಗೋಡೆಗೆ ಇಪ್ಪತ್ಮೂರನೇ ಚೀಲ ಬಂತು. ಅದೇ ಎಲ್ಲಕ್ಕಿಂತ ದಪ್ಪ. ಬಂದವರು ಇದು ಯಾವ ರಾಜನದು ಎಂದರೆ, “ನಮ್ ತಂಗಿ ನೋಡವ್ಳೆ, ಅವಳನ್ನೇ ಕೇಳಿ,” ಎನ್ನುತ್ತಿದ್ದ. ನಮ್ಮೂರವರು ಬೇರೆ ಯಾರೂ ನೋಡಿರಲಿಲ್ಲವಲ್ಲ, ನಾನು ಹೇಳಿದ್ದೇ ನಾಟಕ! ಮೊದಲ ವರ್ಷ ಅಣ್ಣ ಗರ್ಜಿಸಿ ಸತ್ತ. ಎರಡನೇ ವರ್ಷ ಅವನು ಬಿದ್ದ ರಭಸಕ್ಕೆ ವೇದಿಕೆಯ ಹಲಗೆ ಮುರಿಯಿತು. ಮೂರನೇ ವರ್ಷಕ್ಕೆ ಆ ಗರ್ಜನೆ ಮಿಡಿಗೇಶಿ ಕೋಟೆಗೆ ತಾಗಿ ಮರಳಿ ಬಂತು, ಊರ ನಾಯಿಗಳೆಲ್ಲ ಬೊಗಳಿದವು. ನಾನು ಹೇಳುವಾಗಲೆಲ್ಲ ಅಣ್ಣ ಕಣ್ಣು ಮುಚ್ಚಿಕೊಂಡು, ನಗುತ್ತಾ ಕೇಳುತ್ತಿದ್ದ. ಹೊಗಳಿಕೆ ಹಿತವಾಗಿದೆ ಎಂದು ನಾನು ಇನ್ನೂ ಒಂದು ಹಲಗೆ ಮುರಿಯುತ್ತಿದ್ದೆ.

ಈ ವರ್ಷ ನಮ್ಮೂರಲ್ಲೇ ನಾಟಕ ಇಡಬೇಕೆಂದಾಯಿತು. ಊರವರು ಬಂದು ಅಣ್ಣನನ್ನು ಹಿಡಿದರು. “ಮೂರನೇ ರಾಜ ನೀನೇ. ನಿನ್ ತಂಗಿ ಹೇಳ್ತಾಳಲ್ಲ, ಹಂಗೇ ಸಾಯ್ಬೇಕು!”

ಅಣ್ಣನ ಮುಖ ಅರಳಿತು, ಮತ್ತೆ ಬಾಡಿತು. “ಅವ್ಳು ಹೇಳ್ದಂಗೆ ಸಾಯಕ್ಕೆ ನನ್ ಕೈಲಾಗಲ್ಲ ಬುಡ್ರಪ್ಪ,” ಎಂದ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಜೀವಮಾನವೆಲ್ಲ ಕಾದ ಪಾತ್ರ ಬಾಗಿಲಿಗೆ ಬಂದು ವಾಪಸ್ ಹೋಗುತ್ತಿತ್ತು. ಯಾಕೆಂದು ನನಗೆ ಅರ್ಥವಾಗಲಿಲ್ಲ.

ಮಾರನೇ ದಿನ ಹಾರ್ಮೋನಿಯಂ ಮೇಷ್ಟ್ರೇ ಬಂದರು. ನಮ್ಮೂರ ನಾಟಕಕ್ಕೂ ಅವರೇ ಮೇಷ್ಟ್ರು. ಅಣ್ಣ ಮನೆಯಲ್ಲಿರಲಿಲ್ಲ, ನಾನೇ ಕಾಫಿ ಕೊಟ್ಟೆ. ದಪ್ಪ ಚೀಲ ನೋಡಿ ಅವರು ಕೇಳಿದ್ದಕ್ಕೆ ನಾನು, ಆವತ್ತು ಹಾರ್ಮೋನಿಯಂ ನುಡಿಸಿದವರು ಇವರೇ ಎಂಬುದನ್ನೂ ಮರೆತು, ಎಂದಿನಂತೆ ಗರ್ಜನೆ ಶುರು ಮಾಡಿದೆ. ಮೇಷ್ಟ್ರು ಲೋಟ ಕೆಳಗಿಟ್ಟರು.

“ಏನಮ್ಮಾ, ಯಾವ ಗರ್ಜನೆ? ನಿಮ್ಮಣ್ಣ ನನ್ ಕಡೆ ತಿರುಗಿ ಶ್ರುತಿ ಇಳ್ಸು ಅಂತ ಕೈ ಸನ್ನೆ ಮಾಡ್ದ. ಎಲ್ರೂ ಗದೆ ದಬಾರ್ ಅಂತ ಬಿಸಾಕ್ತಾರೆ, ಇವ್ನು ಮಗೂನ ಮಲಗ್ಸಿದಂಗೆ ಕೆಳಗೆ ಮಡಗ್ದ. ಜೋಗುಳ ಹೇಳ್ದಂಗೆ ಪದ ಹೇಳಿ ಸತ್ತ. ಜನ ಶಿಳ್ಳೆ ಹಾಕಿ ಬೈದ್ರು. ಆಮೇಲೆ ಯಾಕಯ್ಯಾ ಹಿಂಗ್ ಮಾಡ್ದೆ ಅಂದ್ರೆ, ‘ನಮ್ ತಂಗಿ ಮುಂದೇನೇ ಮಲಗವ್ಳೆ ಮೇಷ್ಟ್ರೇ. ಮೂರು ದಿನದಿಂದ ಕೈ ನೋಯಿಸ್ಕಂಡವ್ಳೆ. ಎಬ್ಬಿಸೋದು ಬ್ಯಾಡ’ ಅಂದ.”

ಮೇಷ್ಟ್ರು ಹೋದ ಮೇಲೆ ಮೊಳೆಯಿಂದ ಆ ಚೀಲ ಇಳಿಸಿದೆ. ಹಿತ್ತಿಲಿಗೆ ಹೋಗಿ ಕುಟ್ಟುವ ಕಲ್ಲಿನ ಪಕ್ಕ ಬೀಜವನ್ನೆಲ್ಲ ಸುರಿದೆ. ಅಷ್ಟರಲ್ಲಿ ಅಣ್ಣ ಬಂದ. ಸುರಿದ ಬೀಜ ನೋಡಿದ, ಖಾಲಿ ಚೀಲ ನೋಡಿದ.

“ಸಾಯಿ ಅಣ್ಣಯ್ಯ,” ಎಂದೆ. “ಆವತ್ತು ಸತ್ತಂಗೇ.”

ಅವನು ನಕ್ಕ. ಗೋಡೆಗೆ ಒರಗಿಸಿದ್ದ ಹುಣಸೆ ಕೋಲು ತೆಗೆದುಕೊಂಡು ಬಂದು, ಮಗು ಮಲಗಿಸಿದ ಹಾಗೆ ಕೆಳಗಿಟ್ಟ. ತೊಡೆ ಹಿಡಿದುಕೊಂಡು ಕೂತು ಮೆಲ್ಲಗೆ ಹಾಡು ಎತ್ತಿದ. ನಡುವೆ ಒಂದು ಸಲ ನಿಲ್ಲಿಸಿ, “ಕಣ್ಣು ಬುಟ್ಕಂಡಿದ್ದೀಯ ತಾನೆ?” ಎಂದ. ಬಿಟ್ಟುಕೊಂಡೇ ಇದ್ದೆ, ಆದರೆ ನೀರು ತುಂಬಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಇಷ್ಟು ಸಣ್ಣ ದನಿಯಲ್ಲಿ ಸತ್ತ ರಾಜ ನಾಲ್ಕು ತಾಲ್ಲೂಕಿನಲ್ಲಿ ಬೇರೆ ಯಾರೂ ಇಲ್ಲ.

ಹಾಡು ಮುಗಿಯಿತು. ನೆಲದಿಂದ ಬೀಜ ಆರಿಸಿ, ಒಂದೊಂದಾಗಿ ಐದು, ಚೀಲಕ್ಕೆ ಹಾಕಿದೆ. ಒಂದೂ ಜಾಸ್ತಿ ಹಾಕಲಿಲ್ಲ. ಚೀಲವನ್ನು ಅವನ ಕೈಗೆ ಕೊಟ್ಟು, ಆರು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದೆ:

“ಆವತ್ತು ನಾನು ನಿದ್ದೆ ಮಾಡ್ಬುಟ್ಟೆ ಅಣ್ಣಯ್ಯ. ನಿನ್ನ ನೋಡ್ಲಿಲ್ಲ. ತಪ್ಪಾಯ್ತು ಕಣಣ್ಣ.”